ಸರ್ವೆ ನಂಬರ್ 87ರ ಗಡಿಕಲ್ಲುಗಳು

2018ರ ಫೆಬ್ರವರಿ 12, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಕ್ತಲ್ ಪೊಲೀಸ್ ಠಾಣೆಯ ಮುಂದೆ ಆಟೋ ಒಂದು ನಿಂತಿತು. ಅದರಿಂದಿಳಿದ ಹೆಂಗಸು ತಕ್ಷಣ ಒಳಗೆ ಬರಲಿಲ್ಲ. ಆಟೋದವನು ಗೋಣಿಚೀಲದಲ್ಲಿ ಸುತ್ತಿದ್ದ ಕಲ್ಲೊಂದನ್ನು ಹೊತ್ತು ತಂದು ವರಾಂಡದಲ್ಲಿ ಇಳಿಸಿದ ಮೇಲೆಯೇ ಮೆಟ್ಟಿಲು ಹತ್ತಿದಳು. ಆಗಲೂ ಕಲ್ಲಿನಿಂದ ದೂರ ಸರಿದು ಗೋಡೆಗೆ ಅಂಟಿಕೊಂಡು ನಿಂತಳು.

ಹೆಸರು ಚನ್ನವೀರಮ್ಮ, ವಯಸ್ಸು ಐವತ್ತೊಂದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ, ಕುಪ್ಪಸ ಹೊಲಿಯುವ ಕೆಲಸ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳನ್ನು ಗದ್ವಾಲ್‌ಗೆ ಕೊಟ್ಟಿದ್ದಳು.

"ಕಲ್ಲು ಎಲ್ಲಿ ಸಿಕ್ತು?" ಇನ್‌ಸ್ಪೆಕ್ಟರ್ ಕಾಂತೇಶ ಕೇಳಿದ.

"ಇದು ಮೂರನೇದ್ರಿ. ಮದ್ಲಿನ ಎರಡು ಬಾಗಲ ಮುಂದ ಇಟ್ಟಿದ್ರು. ಹಿತ್ತಲಕ್ಕ ಉರುಳಿಸಿ ಸುಮ್ಮನಾದೆ. ಇದು ಒಳಗ ಇತ್ರಿ."

"ಒಳಗಂದ್ರ?"

"ದೇವರ ಮುಂದ. ನಿನ್ನೆ ಸಂಜಿಕೆ ಬಜಾರಕ್ಕ ಹೋಗಿ ಬಂದೆ. ಹಾಕಿದ ಕೀಲಿ ಹಾಕಿದಂಗ ಇತ್ತು. ಬಾಗಲಾ ತಗದ್ರ ಇದು ಕೂತಿತ್ತು. ಕುಂಕುಮ ಬಡದು, ನನ್ನ ಕುಪ್ಪಸದ ಬಟ್ಟಿ ಸುತ್ತಿ." ಹೆಡ್ ಕಾನ್‌ಸ್ಟೇಬಲ್ ಮೊಗುಲಪ್ಪ ನೀರು ಕೊಟ್ಟ.

"ಯಾರ ಮ್ಯಾಲರ ಅನುಮಾನ?"

"ಗೊತ್ತಿಲ್ರಿ. ಅಪ್ಪನ ಹೊಲಾ ಹುಡುಕಾಕ ಹೊಂಟ ಮ್ಯಾಗ ಇದೆಲ್ಲಾ ಸುರು ಆತು."

ಆಕೆಯ ತಂದೆ ಶರಣಪ್ಪ ಏಳು ಕಿಲೋಮೀಟರ್ ದೂರದ ಬೆಣಚಿದೊಡ್ಡಿಯವನು. 1974ರಲ್ಲಿ ಊರು ಬಿಟ್ಟು ಗದ್ವಾಲ್‌ಗೆ ಹೋಗಿ ಸೀರೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಹೊಲದ ಮಾತನ್ನು ಮಗಳ ಮುಂದೆ ಎಂದೂ ಎತ್ತಲಿಲ್ಲ. ಅವನು ಸತ್ತ ಮೇಲೆ ಟ್ರಂಕಿನಲ್ಲಿ ಉರ್ದು ಕಾಗದಗಳು ಸಿಕ್ಕಿದ್ದವು. ಹೋದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಊರೂರಿಗೆ ಹೋಗಿ ಭೂದಾಖಲೆ ತಿದ್ದಲು ಶುರುಮಾಡಿದಾಗ ಚನ್ನವೀರಮ್ಮ ಆ ಕಾಗದಗಳನ್ನು ನಾರಾಯಣಪೇಟೆಯ ನಿವೃತ್ತ ಸರ್ವೇಯರ್ ಕರಿಬಸಯ್ಯನ ಕೈಗೆ ಕೊಟ್ಟಳು. ಅವನಿಗೆ ಉರ್ದು ಓದಲು ಬರುತ್ತಿತ್ತು. ಹಳೆಯ ಗ್ರಾಮ ನಕ್ಷೆಯನ್ನೂ ಹೊಲಗಳ ಒಡೆತನ ಬರೆದಿಟ್ಟ 1954ರ ಖಾಸ್ರಾ ಪಹಣಿಯನ್ನೂ ಅವನು ಹುಡುಕಿ ತೆಗೆದ. ಸರ್ವೆ ನಂಬರ್ 87, ನಾಲ್ಕು ಎಕರೆ ಹನ್ನೆರಡು ಗುಂಟೆ. ಪಟ್ಟಾದಾರ, ಅಂದರೆ ಮಾಲೀಕ: ಚನ್ನವೀರಮ್ಮನ ಅಜ್ಜ.

11.45ಕ್ಕೆ ಎಫ್ಐಆರ್ ನಂಬರ್ 31/2018 ದಾಖಲಾಯಿತು. ಮನೆ ಅತಿಕ್ರಮ ಪ್ರವೇಶ, ಅನಾಮಧೇಯ ಬೆದರಿಕೆ.

ಒಂದು ಗಂಟೆಗೆ ಮನೆಯ ಪಂಚನಾಮೆ. ಬೀಗದ ಮೇಲೆ ಗೀರು ಕೂಡ ಇರಲಿಲ್ಲ. ಹಂಚು, ಕಿಟಕಿ ಎಲ್ಲ ಸರಿಯಾಗಿದ್ದವು.

"ಇನ್ನೊಂದು ಕೀಲಿಕೈ ಯಾರ ಹತ್ರ ಐತಿ?" ಕಾಂತೇಶ ಕೇಳಿದ.

"ಆಶಮ್ಮನ ಹತ್ರ. ನನ್ನ ಜೋಡಿ ಕಾಜಾ-ಗುಂಡಿ ಹಾಕ್ತಾಳ. ಎಂಟು ವರ್ಷಾತು. ಆಕಿ ಅಂಥಾಕಿ ಅಲ್ರಿ."

"ಇವತ್ತು ಬಂದಿಲ್ಲ?"

"ಮೈಯಾಗ ಆರಾಮಿಲ್ಲಂತ ಫೋನ್ ಮಾಡಿದ್ಲು."

"ಯಾವ ಊರಾಕಿ?"

"ಬೆಣಚಿದೊಡ್ಡಿ..." ಎಂದ ಚನ್ನವೀರಮ್ಮ ತನ್ನ ಮಾತು ತಾನೇ ಕೇಳಿದವಳಂತೆ ಬಾಗಿಲ ಬೀಗದ ಕಡೆ ತಿರುಗಿದಳು.

ಸಂಜೆ ನಾಲ್ಕಕ್ಕೆ ಕರಿಬಸಯ್ಯ ತನ್ನ ಸ್ಕೂಟರ್‌ನಲ್ಲಿ ಠಾಣೆಗೆ ಬಂದ. ಅರವತ್ತೆಂಟು ವರ್ಷದ ಕೃಶ ದೇಹ, ಹಣೆಯ ಮೇಲೆ ವಿಭೂತಿ. ಮೇಜಿನ ಮೇಲೆ ನಕ್ಷೆಯ ನಕಲು ಹರಡಿದ.

"ಹೊಲಕ್ಕ ನಾಕು ಗಡಿಕಲ್ಲು. ಮೂರು ಕಿತ್ತು ಯಾರೋ ಈಕಿ ಮನಿಗೆ ತಂದಾರ. ನಾಕನೇದೊಂದು ಉಳದೈತಿ."

"ಕಲ್ಲು ಹೋದ್ರ ಅಳತಿ ಮಾಡಾಕ ಆಗಂಗಿಲ್ಲೇನು?"

"ತ್ರಾಸ್ ಆಗ್ತೈತಿ, ಆದ್ರ ಆಗ್ತೈತ್ರಿ. ವಿಷಯ ಅದಲ್ಲ. ಇವು ಮೊಳ ಆಳಕ್ಕ ಹೂತು ಹೋಗ್ಯಾವ. ನಾನ ನಕ್ಷೆ ಹಿಡಕೊಂಡು ಹೋಗಿ ಒಂದೂ ಕಾಣಲಿಲ್ಲ. ಸಣ್ಣಂದಿನಿಂದ ಅಲ್ಲೇ ನೇಗಿಲು ಹೊಡದಾಂವಗ ಮಾತ್ರ ಗೊತ್ತಿರಬೇಕು."

"ಯಾರು ಉಳಾಕತ್ಯಾರ?"

ಕರಿಬಸಯ್ಯ ಈಚಿನ ಪಹಣಿಯಲ್ಲಿ ಹೊಲ ಉಳುತ್ತಿರುವವರ ಹೆಸರು ಬರೆಯುವ ಕಬ್ಜಾ ಕಾಲಂ ಮೇಲೆ ಬೆರಳಿಟ್ಟ. ಖಂಡಪ್ಪ, ತಂದೆ ನಿಂಗಪ್ಪ.

ಮೊಗುಲಪ್ಪ ತನ್ನ ಟಿಪ್ಪಣಿ ಪುಸ್ತಕ ನೋಡಿ ತಲೆ ಎತ್ತಿದ. "ಸಾರ್, ಆಶಮ್ಮನ ಗಂಡನ ಹೆಸರೂ ಖಂಡಪ್ಪಾನ."

ಎದ್ದು ಹೊರಡುವಾಗ ಕರಿಬಸಯ್ಯ ಹೇಳಿದ: "ಟ್ರಂಕಿನಾಗಿನ ಕಾಗದಾ ಒಂದು ಇನ್ನೂ ಓದೋದೈತ್ರಿ. ಇಲಿ ಹೊಡದೈತಿ, ಅಕ್ಷರ ಮಸಕಾಗ್ಯಾವ. ಓದಿ ತಿಳಸ್ತೀನಿ."

13ರ ಬೆಳಿಗ್ಗೆ ಕಾಂತೇಶ ಮತ್ತು ಮೊಗುಲಪ್ಪ ಬೆಣಚಿದೊಡ್ಡಿಗೆ ಹೋದರು. ಖಂಡಪ್ಪ ಮನೆಯಲ್ಲಿರಲಿಲ್ಲ. ಹತ್ತಿ ಮಾರಲು ರಾಯಚೂರಿಗೆ ಹೋದನೆಂದು ಆಶಮ್ಮ ಬಾಗಿಲ ಸಂದಿಯಿಂದಲೇ ಹೇಳಿದಳು. ಕೀಲಿಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

"ಈ ವಾರ ಇದನ್ನ ಯಾರರ ತಗೊಂಡಿದ್ರೇನು?"

ಆಶಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ, "ತಿಂಗಳಾತ್ರಿ ಅವರು ನಿದ್ದಿ ಮಾಡಿಲ್ಲ. ನನಗ ಅಂಜಿಕಿ ಆಗ್ತೈತಿ" ಎಂದಷ್ಟೇ ಹೇಳಿದಳು.

ಕಾನ್‌ಸ್ಟೇಬಲ್ ಮಲ್ಲೇಶ್ವರಿಯನ್ನು ಚನ್ನವೀರಮ್ಮನ ಮನೆಯಲ್ಲಿರಿಸಲಾಯಿತು. ಬಾಗಿಲು ಸದ್ದಾದಾಗಲೆಲ್ಲ ಚನ್ನವೀರಮ್ಮ ಕತ್ತರಿ ಹಿಡಿದು ಎದ್ದು ನಿಲ್ಲುತ್ತಾಳೆಂದು ಮಲ್ಲೇಶ್ವರಿ ಫೋನಿನಲ್ಲಿ ವರದಿ ಮಾಡಿದಳು.

14ರ ಬೆಳಿಗ್ಗೆ ಏಳು ಗಂಟೆಗೆ ನಾರಾಯಣಪೇಟೆಯಿಂದ ಕರಿಬಸಯ್ಯನ ಹೆಂಡತಿಯ ಫೋನ್ ಬಂತು. ನಿನ್ನೆ ಮಧ್ಯಾಹ್ನ ಸ್ಕೂಟರ್ ತೆಗೆದುಕೊಂಡು ಹೋದವರು ಮನೆಗೆ ಬಂದಿಲ್ಲ, ಫೋನೂ ಹತ್ತುತ್ತಿಲ್ಲ. ಎಲ್ಲಿಗೆಂದು ಕೇಳಿದಾಗ, "ಬೆಣಚಿದೊಡ್ಡಿಗೆ ಹೋಗಿ ಒಂದು ಒಳ್ಳೆ ಸುದ್ದಿ ಹೇಳಿ ಬರ್ತೀನಿ" ಅಂದಿದ್ದರಂತೆ.

ಕರಿಬಸಯ್ಯ ಠಾಣೆಯಲ್ಲಿ ಬಿಟ್ಟುಹೋಗಿದ್ದ ನಕ್ಷೆಯನ್ನು ಕಾಂತೇಶ ಮಡಚಿ ಜೇಬಿನಲ್ಲಿಟ್ಟುಕೊಂಡು ಮೊಗುಲಪ್ಪನೊಂದಿಗೆ ಜೀಪ್ ಹತ್ತಿದ.

8.30. ಸರ್ವೆ ನಂಬರ್ 87. ತೊಗರಿ ಕೊಯ್ದ ಬೋಳು ಹೊಲ. ಮೂರು ಮೂಲೆಗಳಲ್ಲಿ ಹೊಸದಾಗಿ ಅಗೆದ ಗುಂಡಿಗಳು. ನಾಲ್ಕನೆಯ ಮೂಲೆಯಲ್ಲಿ ಕಲ್ಲಿನ ಸುತ್ತ ಮಣ್ಣು ಕೆದರಿ ಅರ್ಧಕ್ಕೇ ಬಿಟ್ಟಿತ್ತು. ಒಂದು ಕಾಲಿನ ಚಪ್ಪಲಿ ಬಿದ್ದಿತ್ತು. ಅಲ್ಲಿಂದ ಆಚೆ ತೊಗರಿ ಕಟ್ಟಿಗೆಯ ದೊಡ್ಡ ರಾಶಿ. ಅದರ ಪಕ್ಕ ಒಬ್ಬ ಮನುಷ್ಯ ಮೊಣಕಾಲಿಗೆ ಗದ್ದ ಹಚ್ಚಿ ಕೂತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ, ಏಳಲೂ ಇಲ್ಲ.

"ಖಂಡಪ್ಪ ಏನು?"

"ಹೌದ್ರಿ."

"ಕರಿಬಸಯ್ಯ ಎಲ್ಲಿ?"

"ನನಗ ಗೊತ್ತಿಲ್ರಿ."

"ನಿನ್ನೆ ಬಂದಿದ್ರಲ್ಲ?"

"ನಾ ಯಾರನ್ನೂ ನೋಡಿಲ್ರಿ."

ಕಾಂತೇಶ ನಕ್ಷೆ ಬಿಚ್ಚಿದ. ನಾಲ್ಕನೇ ಕಲ್ಲಿನ ಪೂರ್ವಕ್ಕೆ ಒಂದು ಸಣ್ಣ ವೃತ್ತವಿತ್ತು, ಪಕ್ಕದಲ್ಲಿ ಎರಡು ಉರ್ದು ಅಕ್ಷರ. ಎರಡು ದಿನದ ಹಿಂದೆ ಅದನ್ನು ನೋಡಿಯೂ ಕೇಳಿರಲಿಲ್ಲ. ಅದು ಬಾವಿಯ ಗುರುತೆಂದು ಈಗ ಹೊಳೆಯಿತು.

"ಇಲ್ಲಿ ಬಾವಿ ಎಲ್ಲೈತಿ?"

"ಇಲ್ಲಿ ಬಾವಿ ಇಲ್ರಿ. ನನ್ನಪ್ಪನ ಕಾಲದಾಗ ಮುಚ್ಚ್ಯಾರ."

ಮೊಗುಲಪ್ಪ ಟೇಪ್ ಹಿಡಿದ. ನಕ್ಷೆಯ ಅಳತೆಯಂತೆ ಕಲ್ಲಿನಿಂದ ಪೂರ್ವಕ್ಕೆ ಮೂವತ್ತು ಗಜ. ಟೇಪಿನ ತುದಿ ನೇರವಾಗಿ ಕಟ್ಟಿಗೆ ರಾಶಿಯೊಳಗೆ ಹೋಯಿತು.

ಇಬ್ಬರೂ ಕೈಯಿಂದಲೇ ಕಟ್ಟಿಗೆ ಎಳೆದು ಹಾಕತೊಡಗಿದರು. ಮೊದಲು ಸ್ಕೂಟರಿನ ಹ್ಯಾಂಡಲ್ ಕಾಣಿಸಿತು. ಇನ್ನಷ್ಟು ಎಳೆದಾಗ ಮೊಗುಲಪ್ಪ ತಟ್ಟನೆ ಹಿಂದೆ ಹಾರಿದ. ಅವನ ಕಾಲ ಮುಂದೆ ನೆಲವಿರಲಿಲ್ಲ. ಬಾವಿಯ ಕಪ್ಪು ಬಾಯಿಯಿಂದ ಬೆಚ್ಚಗಿನ, ಕೊಳೆತ ವಾಸನೆ ಮೇಲೆ ಬಂತು.

"ಅಯ್ಯಾರ!" ಕಾಂತೇಶ ಕೂಗಿದ.

ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದ. ಆಳದಿಂದ ಕೆಮ್ಮಿದ ಸದ್ದು ಬಂತು.

ಆಗ ಖಂಡಪ್ಪ ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದ. "ನಿನ್ನೆಯಿಂದ ಹಿಂಗ ಕೇಳಸಾಕತ್ತೈತ್ರಿ. ಬಿಟ್ಟು ಹೋಗಾಕೂ ಆಗಲಿಲ್ಲ, ತಗಿಯಾಕೂ ಆಗಲಿಲ್ಲ."

ಹಗ್ಗ ಮತ್ತು ಊರಿನ ನಾಲ್ಕು ಜನರ ಸಹಾಯದಿಂದ ಕರಿಬಸಯ್ಯನನ್ನು ಮೇಲೆತ್ತುವಾಗ 9.50. ಬಲಗಾಲು, ಎರಡು ಪಕ್ಕೆಲುಬು ಮುರಿದಿದ್ದವು. ಬಾವಿಯಲ್ಲಿ ನೀರಿರದೆ ಕೆಸರಷ್ಟೇ ಇದ್ದುದರಿಂದ ಜೀವ ಉಳಿದಿತ್ತು. ಪಂಚರ ಮುಂದೆ ಸ್ಥಳ ಪಂಚನಾಮೆ ನಡೆಯಿತು. 11.15ಕ್ಕೆ ಖಂಡಪ್ಪನನ್ನು ಬಂಧಿಸಿ, ಕೊಲೆ ಯತ್ನದ ಕಲಂ ಸೇರಿಸಲಾಯಿತು.

ಮಧ್ಯಾಹ್ನ ಮಹಬೂಬ್‌ನಗರದ ಆಸ್ಪತ್ರೆಯಲ್ಲಿ ಕರಿಬಸಯ್ಯ ಹೇಳಿಕೆ ಕೊಟ್ಟ. ಪ್ರತಿ ಮಾತಿಗೂ ಉಸಿರು ಹಿಡಿಯುತ್ತಿತ್ತು.

"ಆ ಕಾಗದಾ ಓದಿದೆ. ಸಾದಾ ಬೈನಾಮಾ. ಬಿಳಿ ಕಾಗದದ ಮ್ಯಾಲಿನ ಕ್ರಯಪತ್ರ. ಶರಣಪ್ಪ 1974ರಾಗ ಈ ಹೊಲಾ ನಿಂಗಪ್ಪಗ ಮಾರ್ಯಾನ. ಇಬ್ಬರದೂ ಸಹಿ ಐತಿ. ನಿಂಗಪ್ಪನ ಪ್ರತಿ ಹಾಳಾಗಿರಬೇಕು. ಅದನ್ನ ಹೇಳಾಕ ಹೋಗಿದ್ದೆ. ಚೀಲಕ್ಕ ಕೈ ಹಾಕಿದೆ... ಅಂವ ಅಳತಿ ಟೇಪ್ ತಗೀತಾನಂತ ತಿಳಕೊಂಡು ಬಾವಿತನಕ ಎಳದು ದಬ್ಬಿದ."

ಸಂಜೆ ಕಾಂತೇಶ ಚನ್ನವೀರಮ್ಮನ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದ.

"ಅಪ್ಪ ಮಾರಿದ್ದನ್ನ ನಾ ಹ್ಯಾಂಗ ಕೇಳ್ಲಿರಿ? ಹೇಳಿದ್ರ ಬಿಟ್ಟುಬಿಡ್ತಿದ್ದೆ. ಎಂಟು ವರ್ಷ ನನ್ನ ಮನ್ಯಾಗ ಕುಂತು ಉಂಡಾಳ ಆಶಮ್ಮ. ಒಂದು ಮಾತು ಕೇಳಬಾರದೇನ್ರಿ?"

ಹಾಗೆಂದರೂ ಕಾಂತೇಶ ಹೊರಬಂದ ಕೂಡಲೇ ಒಳಗಿನಿಂದ ಎರಡು ಚಿಲಕ ಹಾಕಿದ ಸದ್ದು ಕೇಳಿಸಿತು.

ಲಾಕಪ್ಪಿನಲ್ಲಿ ಖಂಡಪ್ಪನಿಗೆ ಆ ಕಾಗದದ ವಿಷಯ ಹೇಳಿದಾಗ ಅವನಿಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದ ಮೇಲೆ ಕಂಬಿ ಹಿಡಿದು ಮೆಲ್ಲಗೆ ಕೂತ.

"ಅಪ್ಪನ ಪತ್ರ ಗೆದ್ದಲ ತಿಂದಿತ್ರಿ. ಹೊಸಾ ಪಟ್ಟಾ ಪುಸ್ತಕದಾಗ ಕಬ್ಜಾದಾರನ ಕಾಲಂ ಇರಾಂಗಿಲ್ಲ ಅಂತ ಊರಾಗೆಲ್ಲಾ ಹೇಳಾಕತ್ತಿದ್ರು. ನನ್ನ ಹೆಸರು ಬರಿಯಾಕ ಜಾಗಾನ ಇಲ್ಲ. ನಾ ಆಕಿಗೆ ಏನೂ ಮಾಡಬೇಕಂತ ಇರಲಿಲ್ರಿ. ಆಕಿ ಅಂಜಿ ಬಿಟ್ಟುಬಿಡಲಿ ಅಂತ..."

ಮರುದಿನ ಅವನನ್ನು ನಾರಾಯಣಪೇಟೆಯ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶವೆಂಬಲ್ಲಿ ಭೂವಿವಾದ ಎಂದು ಬರೆಯುವುದು ಠಾಣೆಯ ರೂಢಿ. ಕಾಂತೇಶ ಆ ಪದ ಬರೆದು, ವಿವಾದವೇ ಇರಲಿಲ್ಲವೆಂದು ನೆನಪಾಗಿ ಹೊಡೆದುಹಾಕಿದ. ಅದರ ಮುಂದೆ, ಆರೋಪಿಯು ಹೊಲ ಕಳೆದುಕೊಳ್ಳುವ ಭಯದಲ್ಲಿದ್ದನು ಎಂದು ಬರೆದು ಸಹಿ ಹಾಕಿದ.