ಏಳನೇ ನಂಬರಿನ ಗೋಡೆ

ಬೆಳಿಗ್ಗೆ ಎಂಟೂವರೆಗೆ, ಅಳತೆ ಮಾಮನ ಬಳಿ ಬಣ್ಣದ ಕೆಲಸ ಮಾಡುವ ಪೇಂಟರ್, ವರ್ಕ್‌ಶಾಪಿನ ಬಾಗಿಲು ತಳ್ಳಿದ. ಬೀಗ ಹಾಕಿರಲಿಲ್ಲ. ಒಳಗೆ ಎಂದಿನಂತೆ ಸುಟ್ಟ ಮರದ ವಾಸನೆ. ಏಣಿಯ ಬುಡದಲ್ಲಿ ಅಳತೆ ಮಾಮ ಅಂಗಾತ ಬಿದ್ದಿದ್ದರು. ತಲೆಯ ಕೆಳಗೆ ರಕ್ತ ಒಣಗಿ ನೆಲಕ್ಕೆ ಅಂಟಿತ್ತು.

ಅಳತೆ ಮಾಮ ಎನ್ನುವುದು ಬೀದಿಯವರಿಟ್ಟ ಹೆಸರು. ಮಾದರಿ ರೈಲುಗಳ ಹಳಿ ಪಕ್ಕ ನಿಲ್ಲಿಸುವ ಪುಟ್ಟ ಮರದ ಕಟ್ಟಡಗಳನ್ನು ಮಾಡುವುದು ಅವರ ಕಸುಬು. ನಿಜವಾದ ಮನೆಗೇ ಹೋಗಿ, ಟೇಪು ಹಿಡಿದು ಅಳೆದು, ಎಂಬತ್ತೇಳು ಪಾಲು ಚಿಕ್ಕದು ಮಾಡಿ, ತೆಳು ಪ್ಲೈವುಡ್ಡಿನಲ್ಲಿ ಲೇಸರ್ ಮೆಷಿನ್ನಿನಿಂದ ಕತ್ತರಿಸುತ್ತಿದ್ದರು. ತುಂಡುಗಳು ನಂಬರು ಹೊತ್ತು ಡಬ್ಬಿ ಸೇರುತ್ತಿದ್ದವು. ಕೊಂಡವರು ಮನೆಯಲ್ಲಿ ಕೂತು ಜೋಡಿಸಿಕೊಳ್ಳಬೇಕು. ಮಕ್ಕಳಾಟ ಎಂದು ನಗುವವರು ಒಮ್ಮೆ ಅದರ ಬೆಲೆ ಕೇಳಿದರೆ ಸುಮ್ಮನಾಗುತ್ತಿದ್ದರು.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ದಫೇದಾರ ಕೇಸು ಮುಗಿಸಿಬಿಟ್ಟಿದ್ದ.

"ವಯಸ್ಸಾಗಿತ್ತು ಮೇಡಂ. ಅಟ್ಟದಿಂದ ಹಲಗೆ ತೆಗೆಯೋಕೆ ಹತ್ತಿದಾರೆ, ತಲೆ ತಿರುಗಿದೆ. ಬೀಳುವಾಗ ಮೇಜಿನ ಮೂಲೆ ಬಡಿದಿದೆ."

ದಫೇದಾರನ ಆತುರ ಇನ್‌ಸ್ಪೆಕ್ಟರಿಗೆ ಹೊಸದಲ್ಲ. ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುಖ ನೋಡಿದಳು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಬೆರಳ ತುದಿಗಳು ಮಸಿ ಹಿಡಿದು ಕಪ್ಪಾಗಿದ್ದವು. ಮೆಷಿನ್ನಿನ ಪಕ್ಕ ಇನ್ನೊಂದು ಕನ್ನಡಕ ಡಬ್ಬಿಯೊಳಗೆ ಭದ್ರವಾಗಿತ್ತು.

ಹೊರಗೆ ಜನ ಸೇರಿದ್ದರು. ಅವರಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು, ಇಸ್ತ್ರಿ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದರು. ಅಳತೆ ಮಾಮನ ಹಳೇ ಗಿರಾಕಿ. ಈ ಸಲ ತಮ್ಮ ಸ್ವಂತ ಮನೆಯದೇ ಮಾದರಿ ಮಾಡಲು ಹೇಳಿದ್ದರು.

"ಪಾಪ," ಎಂದರು ಮಾಸ್ಟರ್. "ನಮ್ಮನೆ ಕೆಲಸ ಪೂರ್ತಿ ಮುಗಿಸಿ ಹೋದ್ರಲ್ಲ, ಅಷ್ಟೇ ಸಮಾಧಾನ."

ಇನ್‌ಸ್ಪೆಕ್ಟರ್ ತಲೆಯಾಡಿಸಿದಳು.

* * *

ಅಳತೆ ಮಾಮನ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಧ್ವನಿ ಕಟ್ಟಿತ್ತು.

"ನಾನೇ ಸಾಯಿಸಿದ್ದು ಮೇಡಂ."

"ಬಿಡಿಸಿ ಹೇಳಮ್ಮ."

"ನಿನ್ನೆ ಸಂಜೆ ಆರು ಗಂಟೆಗೆ ಬಂದಿದ್ದೆ. ಅಪ್ಪ ಒಂದು ಗೋಡೆ ಹಿಡ್ಕೊಂಡು ಕೂತಿದ್ರು. ಮಾಸ್ಟ್ರ ಮನೆ ಲೆಕ್ಕ ಕೂಡ್ತಿಲ್ಲ, ಮೂವತ್ತು ವರ್ಷದಲ್ಲಿ ಮೊದಲನೇ ಸಲ ಅಳತೆ ತಪ್ಪಿದೀನಿ ಅಂದ್ರು. ನಂಗೆ ರೇಗಿತು. ಕಣ್ಣು ಹೋಗಿದೆ, ಕೈ ನಡುಗುತ್ತೆ, ಮುಚ್ಚಿ ಸಾಕು ಈ ಅಂಗಡೀನ ಅಂದೆ. ಅದೇ ಕೊರಗಲ್ಲಿ ಏಣಿ ಹತ್ತಿ..."

ಇನ್‌ಸ್ಪೆಕ್ಟರ್ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಅವರಿಗೆ ಎರಡು ಕನ್ನಡಕ ಯಾಕೆ?"

"ದಪ್ಪಂದು ಹತ್ತಿರದ ಕೆಲಸಕ್ಕೆ. ಅದು ಹಾಕ್ಕೊಂಡ್ರೆ ಒಂದು ಮೊಳ ಆಚೆ ಎಲ್ಲಾ ಮಂಜು. ಬಾಗಿಲು ತೆಗೆಯೋಕೆ ಎದ್ರೂ ಬದಲಾಯಿಸ್ತಿದ್ರು."

"ಅವರ ಮೂಗಿನ ಮೇಲಿರೋದು ದಪ್ಪಂದು."

ಮಗಳು ತಲೆ ಎತ್ತಿದಳು.

"ಹಾಗಾದ್ರೆ ಏಣಿ ಹತ್ತಿರಲ್ಲ."

"ಹತ್ತಿಲ್ಲ," ಎಂದಳು ಇನ್‌ಸ್ಪೆಕ್ಟರ್. "ಕೂತಲ್ಲೇ ಯಾರೋ ಹಿಂದಿನಿಂದ ಹೊಡೆದಿದಾರೆ. ಏಣಿ ಆಮೇಲೆ ಬಂದಿದೆ. ಒಳಗೆ ಬಾಮ್ಮ, ನಿಂಗೆ ಕಷ್ಟ ಅಂತ ಗೊತ್ತು. ಆದ್ರೆ ಇಲ್ಲಿನ ಸಾಮಾನು ನಿಂಗೇ ಗೊತ್ತಿರೋದು."

ಹೆಣ ಸಾಗಿಸಿಯಾಗಿತ್ತು. ಮಗಳು ಗೋಡೆ ಹಿಡಿದು ಒಳಗೆ ಬಂದಳು. ಹಲಗೆ ಬಾಗದಂತೆ ಮೇಲಿಡುವ ಕಬ್ಬಿಣದ ತೂಕಗಳು ನಾಲ್ಕಿರಬೇಕು, ಮೂರೇ ಇವೆ ಎಂದಳು. ಆಮೇಲೆ ಮೇಜಿನ ಮೇಲಿದ್ದ ಪುಟ್ಟ ಮನೆ ನೋಡಿ ತಟಕ್ಕನೆ ನಿಂತಳು. ಒಂದು ಗೇಣುದ್ದವೂ ಇಲ್ಲದ ಮನೆ. ಚಾವಣಿಯೂ ಕೂತಿತ್ತು.

"ಇದು ಅಪ್ಪನ ಕೆಲಸ ಅಲ್ಲ."

"ಯಾಕೆ?"

"ಅಂಟು ಹಾಕಿದೆ. ಅಪ್ಪ ಯಾವತ್ತೂ ಅಂಟು ಹಾಕಲ್ಲ. ಬರೀ ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ನೋಡೋದು. ಸರಿ ಇದ್ರೆ ಬಿಚ್ಚಿ ಡಬ್ಬಿಗೆ. ನಾನು ಹೋಗುವಾಗ ಇದು ಬಿಡಿಬಿಡಿಯಾಗಿತ್ತು. ಮತ್ತೆ ಅಂಚು ನೋಡಿ. ಲೇಸರ್ ಕತ್ತರಿಸಿದ ಅಂಚು ಸುಟ್ಟು ಕಪ್ಪಗಿರುತ್ತೆ. ಇದನ್ನ ಯಾರೋ ಉಜ್ಜಿ ಬೆಳ್ಳಗೆ ಮಾಡಿದಾರೆ. ಕರಿ ಇದ್ರೆ ಅಂಟು ಹಿಡಿಯಲ್ಲ ಅಂತ ಕೊಂಡವರು ಉಜ್ಜಿಕೊಳ್ತಾರೆ. ಅಪ್ಪನಿಗೆ ಅದರ ಗೊಡವೆ ಇಲ್ಲ."

"ಉಜ್ಜೋ ಅಭ್ಯಾಸ ಇನ್ಯಾರಿಗಿದೆ ಇಲ್ಲಿ?"

ಮಗಳು ಹಿಂಜರಿದಳು. "ಪೇಂಟರಿಗೆ."

* * *

ಪೇಂಟರನ ಚೀಲದಲ್ಲಿ ಕರಿ ಹಿಡಿದ ಉಜ್ಜುಕಾಗದ ಸಿಕ್ಕಿತು. ಮೊನ್ನೆ ಮಾಮನ ಜೊತೆ ಜಗಳವಾಡಿದ್ದನ್ನು ಪಕ್ಕದ ಅಂಗಡಿಯವನು ಕೇಳಿದ್ದ. ದಫೇದಾರನ ಕೈ ಪೇಂಟರನ ಕಾಲರಿಗೆ ಹೋಯಿತು.

"ಜಗಳ ಆಡಿದ್ದು ನಿಜ," ಎಂದ ಪೇಂಟರ್. "ಡಬ್ಬಿ ಮೇಲೆ ಹಾಕೋ ಫೋಟೋಗೆ ಅಂತ ಒಂದು ಮನೆ ಕಟ್ಟಿ ನಾನು ಬಣ್ಣ ಹಚ್ಚಬೇಕು. ಅವರು ಮನೆ ಕೊಡ್ತಾನೇ ಇಲ್ಲ. ಅಳತೆ, ಅಳತೆ. ಆದ್ರೆ ಇದನ್ನ ನಾನು ಕಟ್ಟಿದ್ದಲ್ಲ."

"ಉಜ್ಜೋದು ನೀನೇ ತಾನೆ?"

"ಉಜ್ತೀನಿ. ಆಮೇಲೆ ಬಣ್ಣ. ಅಂಟು ಕೊನೇಲಿ. ಮೊದಲು ಅಂಟಿಸಿಬಿಟ್ರೆ ಕಿಟಕಿ ಒಳಗೆ ಬ್ರಷ್ ಹೋಗಲ್ಲ ಮೇಡಂ. ಇದಕ್ಕೆ ಬಣ್ಣಾನೇ ಬಿದ್ದಿಲ್ಲ."

ಇನ್‌ಸ್ಪೆಕ್ಟರ್ ಕಣ್ಣಿನಲ್ಲೇ ಸನ್ನೆ ಮಾಡಿದಳು. ದಫೇದಾರ ಕಾಲರು ಬಿಟ್ಟ.

"ಚಾವಣಿ ಕೀಳಬಹುದಾ?" ಎಂದು ಮಗಳನ್ನು ಕೇಳಿದಳು.

ಮಗಳು ತೆಳು ಬ್ಲೇಡು ತೂರಿಸಿ ಚಾವಣಿ ಎಬ್ಬಿಸಿದಳು. ಒಳಗೆ ಕೋಣೆಗಳು. ಕೊನೆಯ ಕೋಣೆಯ ನೆಲದಲ್ಲಿ ಎರಡು ಸಣ್ಣ ತೂತುಗಳು ಖಾಲಿ ಇದ್ದವು.

"ಗೋಡೆ ಬುಡದಲ್ಲಿ ಹಲ್ಲಿರುತ್ತೆ ಮೇಡಂ. ಅದು ತೂತಲ್ಲಿ ಕೂರಬೇಕು. ಇದು ಏಳನೇ ನಂಬರು. ಹಲ್ಲು ಕೊಯ್ದು, ಹಿಂದಕ್ಕೆ ತಳ್ಳಿ, ಹೊರಗೋಡೆಗೆ ಅಂಟಿಸಿಬಿಟ್ಟಿದಾರೆ."

"ಎಷ್ಟು ಹಿಂದಕ್ಕೆ?"

ಮಗಳು ಅಪ್ಪನ ಉಕ್ಕಿನ ಸ್ಕೇಲು ಇಟ್ಟಳು. "ಒಂದು ಸೆಂಟಿಮೀಟರ್. ಅಪ್ಪ ಕತ್ತರಿಸಿದ ಪ್ರಕಾರ ಎರಡು ಗೋಡೆ ನಡುವೆ ಅಷ್ಟು ಜಾಗ ಸುಮ್ಮನೆ ಉಳಿಯುತ್ತೆ. ಅದಕ್ಕೇ ತಪ್ಪಿದೀನಿ ಅಂದಿದ್ದು."

"ನಿಜವಾದ ಮನೆಯಲ್ಲಿ ಅದು ಎಷ್ಟಾಗುತ್ತೆ?"

"ಎಂಬತ್ತೇಳು ಸೆಂಟಿಮೀಟರ್. ಹತ್ತಿರ ಹತ್ತಿರ ಮೂರು ಅಡಿ."

ಇನ್‌ಸ್ಪೆಕ್ಟರ್ ಮಾಮನ ಟೇಪನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

* * *

ಮಾಸ್ಟರ್ ಮನೆಯ ನಡುಕೋಣೆಯನ್ನು ಒಂದು ದೊಡ್ಡ ಮೇಜೇ ನುಂಗಿತ್ತು. ಹಳಿಗಳು, ಸಿಗ್ನಲ್ಲುಗಳು, ನಲವತ್ತು ಪುಟ್ಟ ಕಟ್ಟಡಗಳು. ಒಂದಕ್ಕೂ ಬಣ್ಣವಿಲ್ಲ. ಎಲ್ಲದರ ಅಂಚೂ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು.

"ಬಣ್ಣ ಹಚ್ಚಲ್ವಾ ಮಾಸ್ಟ್ರೇ?"

"ಮರ ಮರದ ಹಾಗೇ ಕಾಣಬೇಕು," ಎಂದರು ಮಾಸ್ಟರ್.

"ಒಬ್ಬರೇ ಇದೀರಾ ಮನೆಯಲ್ಲಿ?"

"ಅಣ್ಣ ಇದ್ದ. ಹನ್ನೊಂದು ವರ್ಷ ಆಯ್ತು, ಹಡಗಿನ ಕೆಲಸ ಅಂತ ಹೇಳಿ ಹೋದ. ಒಂದು ಕಾಗದವೂ ಇಲ್ಲ."

ದಫೇದಾರ ಹೊರಗೆ ಅಳೆಯುತ್ತಿದ್ದ. ಉದ್ದ ಮೂವತ್ತೊಂಬತ್ತು ಅಡಿ ಎಂದು ಕಿಟಕಿಯಿಂದ ಕೂಗಿ ಹೇಳಿದ. ಇನ್‌ಸ್ಪೆಕ್ಟರ್ ಒಳಗೆ ಒಂದೊಂದೇ ಕೋಣೆಗೆ ಟೇಪು ಹಿಡಿದಳು. ಗೋಡೆಗಳ ದಪ್ಪ ಸೇರಿಸಿದರೂ ಮೂವತ್ತಾರು ದಾಟಿದ್ದು ಚೂರೇ ಚೂರು. ಕೊನೆಯ ಕೋಣೆಯ ಹಿಂಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಸದ್ದು ಟೊಳ್ಳಾಗಿತ್ತು.

ಮಾಸ್ಟರ್ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತರು.

"ಬೆಳಿಗ್ಗೆ ಗೇಟಿನ ಹತ್ತಿರ ಒಂದು ಮಾತು ಹೇಳಿದ್ರಿ," ಎಂದಳು ಇನ್‌ಸ್ಪೆಕ್ಟರ್. "ನಮ್ಮನೆ ಕೆಲಸ ಪೂರ್ತಿ ಮುಗಿಸಿದ್ರು ಅಂತ. ಆರು ಗಂಟೆಗೆ ಮಗಳು ನೋಡಿದಾಗ ಅದು ಬಿಡಿ ತುಂಡು. ಬೆಳಿಗ್ಗೆ ನಿಮ್ಮನ್ನ ಒಳಗೆ ಬಿಟ್ಟಿರಲಿಲ್ಲ. ಮುಗಿದಿದ್ದು ಮುಗಿಸಿದವನಿಗೆ ಮಾತ್ರ ಗೊತ್ತು. ಅಂಟು ಹಾಕಿದ್ದಕ್ಕೆ ಮಾಮ ಅಲ್ಲ ಅಂತಾಯ್ತು. ಬಣ್ಣ ಇಲ್ಲದ್ದಕ್ಕೆ ಪೇಂಟರ್ ಅಲ್ಲ ಅಂತಾಯ್ತು. ಉಜ್ಜಿ, ಬಣ್ಣ ಹಚ್ಚದೆ ಅಂಟಿಸೋರು ಇಲ್ಲಿ ಕೂತಿದೀರಿ."

ಮಾಸ್ಟರ್ ತಮ್ಮ ಉಗುರುಗಳನ್ನು ನೋಡಿಕೊಂಡರು. ಸಂದಿಯಲ್ಲಿ ಕರಿ ಇನ್ನೂ ಇತ್ತು.

"ಹೊರಗಿಂದು ಸಾಕು ಅಂದಿದ್ದೆ," ಎಂದರು. "ನಾನು ಕಾಫಿ ತರೋಕೆ ಹೋದಾಗ ಒಳಗೂ ಅಳೆದುಬಿಟ್ಟಿದಾರೆ. ನಿನ್ನೆ ಫೋನ್ ಮಾಡಿದ್ರು. ಹೋದೆ. ಬೇಡ, ಹೀಗೇ ಇರಲಿ ಅಂತ ಗೋಗರೆದೆ. ನಾಳೆ ಒಂಬತ್ತಕ್ಕೆ ಬಂದು ಇನ್ನೊಂದ್ಸಲ ಅಳೀತೀನಿ ಅಂತ ಒಂದೇ ಹಟ."

"ತೂಕದ ಕಬ್ಬಿಣ ಎಲ್ಲಿ?"

"ಬಾವೀಲಿದೆ."

"ಆ ಮನೇನ ಒಡೆದು ಎಸೆದಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ."

"ಒಡೆಯೋಕೆ ಕೈ ಬರಲಿಲ್ಲ." ಮಾಸ್ಟರ್ ಧ್ವನಿ ಸಣ್ಣದಾಯಿತು. "ಅಂಚು ಕರ್‍ರಗಿತ್ತು. ಉಜ್ಜದೆ ಅಂಟಿಸೋಕೂ ಆಗಲಿಲ್ಲ. ಎರಡು ಗಂಟೆ ಹಿಡೀತು."

ಎರಡು ಗಂಟೆ, ಹೆಣದ ಪಕ್ಕ ಕೂತು ಅಂಚು ಉಜ್ಜಿದ್ದರು ಈ ಮನುಷ್ಯ.

"ಅಣ್ಣನ್ನ ಯಾಕೆ?"

"ಭಾಗ ಕೇಳಿದ. ಮನೆ ನಡುವೆ ಗೋಡೆ ಎಬ್ಬಿಸ್ತೀನಿ ಅಂದ. ನಮ್ಮಪ್ಪ ಕಟ್ಟಿದ ಮನೆ ಇದು. ಇಲ್ಲಿ ಇನ್ನೊಂದು ಗೋಡೆ ಏಳಬಾರದು ಅಂದೆ."

ದಫೇದಾರ ಹಾರೆ ತಂದ. ನಾಲ್ಕನೇ ಏಟಿಗೆ ಇಟ್ಟಿಗೆ ಸರಿಯಿತು. ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ಒಂದು ಚಪ್ಪಲಿ. ಅದರೊಳಗೆ ಪಾದದ ಮೂಳೆಗಳು ಇನ್ನೂ ಇದ್ದವು.

* * *

ಸಂಜೆ ವರ್ಕ್‌ಶಾಪಿನಲ್ಲಿ ಮೆಷಿನ್ನು ಓಡುತ್ತಿತ್ತು. ಅಂಟಿಸಿದ ಮನೆ ಸಾಕ್ಷಿಯಾಗಿ ಠಾಣೆ ಸೇರಿತ್ತು; ಮಗಳು ಎಲ್ಲಾ ತುಂಡುಗಳನ್ನೂ ಹೊಸದಾಗಿ ಕತ್ತರಿಸಿ ಜೋಡಿಸಿ, ಕೊನೆಯದಾಗಿ ಏಳನೇ ನಂಬರನ್ನು ಕತ್ತರಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಅಪ್ಪನ ನಕ್ಷೆ ಹಾಗೇ ಇತ್ತು. ಇನ್‌ಸ್ಪೆಕ್ಟರ್ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಟೇಪನ್ನು ಮೇಜಿನ ಮೇಲಿಟ್ಟಳು.

"ಅಪ್ಪನ ಅಳತೆ?"

"ಕೂದಲೆಳೆಯಷ್ಟೂ ತಪ್ಪಿರಲಿಲ್ಲಮ್ಮ."

ಮಗಳು ಗೋಡೆಯನ್ನು ತೂತುಗಳಲ್ಲಿ ಇಳಿಸಿದಳು. ಸರಿಯಾಗಿ ಕೂತಿತು. ಅವಳ ಬೆರಳಿಗೆ ಮಸಿ ಹತ್ತಿತು.

"ಅದು ಅವರಿಗೆ ಗೊತ್ತಾಗಿತ್ತಾ ಮೇಡಂ, ಹೋಗೋಕೆ ಮುಂಚೆ?"

ಇನ್‌ಸ್ಪೆಕ್ಟರಿಗೆ ಒಂದು ಸುಳ್ಳು ನಾಲಿಗೆ ತುದಿಗೆ ಬಂತು. ಆದರೆ ಮಾಸ್ಟರ್ ಹೇಳಿಕೆಯ ಕೊನೆಯ ಸಾಲು ಮುಂದೆ ಕೋರ್ಟಿನಲ್ಲಿ ಓದಲೇಬೇಕಾದದ್ದು. ಅಲ್ಲಿ ಎಲ್ಲರ ಎದುರು ಕೇಳುವುದಕ್ಕಿಂತ ಇಲ್ಲೇ ಕೇಳಲಿ ಎನ್ನಿಸಿತು.

"ಇಲ್ಲಮ್ಮ. ಕೊನೇ ತನಕ ಮಾಸ್ಟ್ರ ಹತ್ತಿರ ಕ್ಷಮೆ ಕೇಳ್ತಾನೇ ಇದ್ರಂತೆ. ತಪ್ಪು ನಂದೇ, ಮಗಳು ಹೇಳಿದ್ದು ಸರಿ, ಇದೊಂದು ಸರಿ ಮಾಡಿ ಅಂಗಡಿ ಮುಚ್ತೀನಿ ಅಂದ್ರಂತೆ."

ಮಗಳು ಆ ಪುಟ್ಟ ಮನೆಗೆ ರಬ್ಬರ್ ಬ್ಯಾಂಡ್ ಬಿಗಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಪ್ಪನ ಸ್ಟೂಲಿನ ಮೇಲೆ ಕೂತುಬಿಟ್ಟಳು.