ಹದಿನಾಲ್ಕನೇ ಕಾಟೇಜಿನ ಕಪಾಟು

ಹನ್ನೊಂದು ವರ್ಷ ಅವ್ವನ ಗುಳಿಗೆ ಎಣಿಸಿ ಕೊಟ್ಟವನು ಮಧುಕರ. ದವಾಖಾನೆಯ ಸಾಲಿನಲ್ಲಿ ನಿಂತವನು ಅವನೇ, ಕೊನೆಯ ಆರು ತಿಂಗಳು ಬೆಡ್‌ಪ್ಯಾನ್ ತೊಳೆದವನೂ ಅವನೇ. ತಂಗಿ ಸುಲಭಾ ಧಾರವಾಡದಿಂದ ವರ್ಷಕ್ಕೆರಡು ಸಲ ಒಂದು ಡಬ್ಬಿ ಶೇಂಗಾ ಉಂಡಿ ಹಿಡಿದುಕೊಂಡು ಬರುತ್ತಿದ್ದಳು. ಅವ್ವನ ತಲೆ ನೇವರಿಸಿ ಎರಡು ದಿನ ಅತ್ತು, ಮೂರನೇ ದಿನ ಕಾತ್ರಜದಲ್ಲಿ ಧಾರವಾಡದ ಬಸ್ಸು ಹತ್ತಿ ಹೋಗುತ್ತಿದ್ದಳು. ಆದರೂ ಅವ್ವ ಕಡೆಗೆ ಇಬ್ಬರನ್ನೂ ಹಾಸಿಗೆಯ ಹತ್ತಿರ ಕರೆದು ಹೇಳಿದ್ದೇನು? "ಬೋರಮಾಳ ಸಿಂಧೂರಾನ ಮದುವಿಗೆ. ಪಾಟ್ಲಿ, ಬಿಲ್ವಾರ ಸುಲಭಾಗ." ಸಿಂಧೂರ ಅಂದರೆ ಸುಲಭಾಳ ಮಗಳು. ಮತ್ತ ನನಗ ಅಂತ ಕೇಳಲು ಮಧುಕರನಿಗೆ ನಾಚಿಕೆಯಾಯಿತು. ಅವ್ವನೇ ಅವನ ಮುಖ ನೋಡಿ, "ನಿನಗೇನಪಾ, ಕೋಥರೂಡದಾಗ ಮನಿ ಅದ," ಅಂದಳು. ಆ ಮನೆ ಅವನೇ ಇಪ್ಪತ್ತು ವರ್ಷ ದುಡಿದು ಕೊಂಡದ್ದು! ಹೊಟ್ಟೆ ಉರಿಯದೆ ಇನ್ನೇನಾದೀತು?

ಆ ಸರ, ಬಳೆಗಳ ಬಂಗಾರ ಆಗ ಮನೆಯಲ್ಲಿರಲಿಲ್ಲ. ಪಾನಶೇತ್ ಹಿನ್ನೀರಿನ ದಂಡೆಯಲ್ಲಿದ್ದ 'ತರಂಗ' ಎಂಬ ರಿಸಾರ್ಟಿನಲ್ಲಿತ್ತು. ಅಲ್ಲಿ ಮಧುಕರನದೊಂದು ಟೈಮ್‌ಶೇರ್. ಹದಿನಾಲ್ಕನೇ ಕಾಟೇಜು ವರ್ಷಕ್ಕೊಂದು ವಾರ, ಮೇ ತಿಂಗಳ ಮೊದಲ ವಾರ, ಅವನದು. ಮಿಕ್ಕ ವಾರಗಳು ಬೇರೆಯವರವು. ಒಂದೊಂದು ಕಾಟೇಜಿಗೆ ಎಂಟು ಮಾಲೀಕರು, ಗೋಡೆಯಲ್ಲಿ ಎಂಟು ಸಣ್ಣ ಕಬ್ಬಿಣದ ಕಪಾಟು, ಅವರವರ ಬೀಗ ಅವರವರಿಗೆ. ಅವ್ವನಿಗೆ ಬ್ಯಾಂಕಿನ ಲಾಕರಿನ ಮೇಲೆ ನಂಬಿಕೆಯಿರಲಿಲ್ಲ. ತಾನು ಹೋದಲ್ಲೆಲ್ಲ ಹಿತ್ತಾಳೆ ಡಬ್ಬಿಯಲ್ಲಿ ಬಂಗಾರ ಕಟ್ಟಿಕೊಂಡೇ ಹೋಗುವವಳು. ೨೦೨೨ರ ಮೇ ತಿಂಗಳಲ್ಲಿ ಅವಳಿಗೆ ಅಲ್ಲೇ ಎದೆನೋವು ಬಂತು, ಆಂಬುಲೆನ್ಸಿನ ಗಡಿಬಿಡಿಯಲ್ಲಿ ಡಬ್ಬಿ ಕಪಾಟಿನಲ್ಲೇ ಉಳಿಯಿತು. ಮುಂದಿನ ತಿಂಗಳು ಮಳೆಗೆ ಗುಡ್ಡ ಕುಸಿದು ರಸ್ತೆ ಹೋಯಿತು. ರಿಸಾರ್ಟಿಗೆ ಬೀಗ ಬಿತ್ತು, ಆಮೇಲೆ ಕೋರ್ಟು ಕಚೇರಿ, ಒಳಗೆ ಯಾರನ್ನೂ ಬಿಡಲಿಲ್ಲ. ೨೦೨೩ರ ಶ್ರಾವಣದಲ್ಲಿ ಅವ್ವ ತೀರಿಕೊಂಡಳು.

ದಿನಕರ್ಮ ಮುಗಿದ ಮೇಲೆ ಸುಲಭಾ ಕೇಳಿದ್ದು ಒಂದೇ ಒಂದು. "ಅಣ್ಣಾ, ಅವ್ವನ ಎಲಿ-ಅಡಿಕಿ ಸಂಚಿ ನಾ ಒಯ್ಯಲೇನು?" ಸುಣ್ಣದ ಕಲೆ ಹತ್ತಿದ ನಾಲ್ಕು ಖಾನೆಯ ಬಟ್ಟೆಚೀಲ ಅದು. "ಒಯ್ಯವಾ. ಕವಡಿ ಕಿಮ್ಮತ್ತಿಂದಲ್ಲ," ಅಂದಿದ್ದ ಮಧುಕರ. ಕಪಾಟಿನ ಕೀಲಿ ಹೇಗೂ ತನ್ನ ಗೊಂಚಲಿನಲ್ಲಿತ್ತು.

ಈ ವರ್ಷ, ೨೦೨೬ರ ಫೆಬ್ರುವರಿಯಲ್ಲಿ, ರಿಸಾರ್ಟಿನ ಕಂಪನಿಯವರು ಮಾಲೀಕರನ್ನೆಲ್ಲ ಕರೆದು, ರಿಪೇರಿಯಾದ ಕಾಟೇಜುಗಳನ್ನು ತೋರಿಸಿದರು. ಇನ್ನೂ ಕರೆಂಟು ಬಂದಿರಲಿಲ್ಲ. ನಲವತ್ತು ಜನ ಬಣ್ಣ ಸರಿಯಿಲ್ಲ, ನಲ್ಲಿ ಸರಿಯಿಲ್ಲ ಅಂತ ವಾದಿಸುತ್ತಿದ್ದಾಗ ಮಧುಕರ ಹದಿನಾಲ್ಕಕ್ಕೆ ಹೋದ. ಮೊಬೈಲಿನ ಬೆಳಕಲ್ಲಿ ಕಪಾಟು ತೆಗೆದ, ಡಬ್ಬಿಗೆ ಕೈ ಹಾಕಿ ಬಟ್ಟೆಯ ಗಂಟನ್ನು ಎಳೆದು ಚೀಲಕ್ಕೆ ಹಾಕಿಕೊಂಡ, ಮುಚ್ಚಳ ಮುಚ್ಚಿ ಬೀಗ ಜಡಿದ. ಎರಡು ನಿಮಿಷದ ಕೆಲಸ. ಹೆಂಡತಿಗೂ ಹೇಳಲಿಲ್ಲ. ಮನೆಯ ಅಟ್ಟದ ಮೇಲಿದ್ದ ಹಳೇ ಕುಕ್ಕರಿನಲ್ಲಿ ಬೋರಮಾಳ ಬೆಚ್ಚಗೆ ಕೂತಿತು. ತಂಗಿಗೆ ಫೋನು ಮಾಡಿ, "ನೋಡಿ ಬಂದೆ, ಎಲ್ಲಾ ಇದ್ದಂಗ ಅದ. ಪೂರಾ ತೆರದ ಮ್ಯಾಲೆ ತರೂಣು," ಅಂದ.

ಏಪ್ರಿಲ್ ನಡುವಿಗೆ ಕೋಥರೂಡದಲ್ಲೇ ಕಾಕಾನ ಮಗನ ಗೃಹಪ್ರವೇಶ ಬಂತು. ಸುಲಭಾ, ಸಿಂಧೂರ ಬರುವವರು. ಸುಲಭಾ ಅಡುಗೆಮನೆಗೆ ಬಂದರೆ ಅಟ್ಟ, ಡಬ್ಬಿ, ಕುಕ್ಕರು ಯಾವುದನ್ನೂ ಬಿಡುವವಳಲ್ಲ. ಮನೆಗೆ ಬಣ್ಣ ಹಚ್ಚಿಸುತ್ತಿದ್ದೇವೆ ಅಂತ ಹೇಳಿ, ಬಸ್ಸಿಳಿಯುವ ಕಾತ್ರಜಕ್ಕೆ ಹತ್ತಿರವಾಗಲಿ ಎಂದು ಕೊಂಢವಾದಲ್ಲೊಂದು ಹೋಟೆಲು ಬುಕ್ ಮಾಡಿದ. ಮೊಬೈಲಿನಲ್ಲಿ ಕಂಡ ಎಲ್ಲಕ್ಕಿಂತ ಅಗ್ಗದ್ದು. ತನ್ನ ಹೆಸರು, ತನ್ನ ನಂಬರು ಕೊಟ್ಟು ಎರಡು ರಾತ್ರಿಗೆ ದುಡ್ಡನ್ನೂ ಕಟ್ಟಿದ. ಅಣ್ಣ ಅನ್ನಿಸಿಕೊಳ್ಳಲು ಅಷ್ಟು ಸಾಕು.

ಭಾನುವಾರ ಗೃಹಪ್ರವೇಶದ ಮನೆಯಲ್ಲಿ ಹೆಂಗಸರು ಸುಲಭಾಳನ್ನು ಕೂರಿಸಿ ಉಡಿ ತುಂಬುತ್ತಿದ್ದರು. ಅವರ ಆ ಗದ್ದಲವೆಂದರೆ ಮಧುಕರನಿಗೆ ಆಗದು. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಕಾದ. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಬಂದಾಗ ಕಣ್ಣು ಕೆಂಪಗಿದ್ದವು.

"ಹೋಟೆಲ್ ಹೆಂಗದ?" ಅಂತ ಕೇಳಿದ.

"ಛಲೋ ಅದ. ಭಾಳ ಶಾಂತ." ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಅಣ್ಣಾ, ಅವ್ವನ ಡಬ್ಬಿ ಅಲ್ಲೇ ಅದಲ್ಲ?" ಅಂದಳು.

"ಮತ್ತೆಲ್ಲಿ ಹೋಗ್ತದ? ರಿಸಾರ್ಟ್ ಇನ್ನೂ ತೆರದಿಲ್ಲ. ಮೇದಾಗ ನನ್ನ ವಾರ ಬರ್ತದ, ತರ್ತೀನಿ."

"ಹೌದು, ಎಲ್ಲಿ ಹೋಗ್ತದ," ಅಂದಳು ಸುಲಭಾ. ಅವ್ವ ನೆನಪಾಗಿರಬೇಕು ಅಂದುಕೊಂಡ ಅವನು. ಸಿಂಧೂರಳ ಮದುವೆ ಜೂನಿಗೆ ನಿಶ್ಚಯವಾಗಿತ್ತು; ಅಷ್ಟರೊಳಗೆ ಬಂಗಾರ ಕಳುವಾಗಬೇಕು, ಕದ್ದವರು ಬೇರೆ ಯಾರೋ ಆಗಿರಬೇಕು.

ಆ ಬೇರೆ ಯಾರನ್ನೋ ಒಂದು ವಾರದಲ್ಲಿ ಕಂಪನಿಯೇ ತಂದುಕೊಟ್ಟಿತು. ಮಾಲೀಕರಿಗೆಲ್ಲ ಮೇಲ್ ಬಂತು: ನಮ್ಮ ನಗರದ ಹೋಟೆಲಿನಲ್ಲಿ ಲಿಫ್ಟು, ನೀರಿನ ಪೈಪು ರಿಪೇರಿ ನಡೆದಿದೆ, ಆದ್ದರಿಂದ ಈ ತಿಂಗಳ ಹತ್ತರಿಂದ ಅಲ್ಲಿನ ಕೆಲವು ಅತಿಥಿಗಳನ್ನು 'ತರಂಗ'ದ ಖಾಲಿ ಕಾಟೇಜುಗಳಿಗೆ ಸ್ಥಳಾಂತರಿಸಿದ್ದೇವೆ, ಸಹಕರಿಸಬೇಕು. ಮಾಲೀಕರ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ನಾಲ್ಕು ವರ್ಷ ನಾವು ಕಾಲಿಡಲಿಲ್ಲ, ಯಾರೋ ದಾರಿಹೋಕರು ನಮ್ಮ ಹಾಸಿಗೆಯಲ್ಲಿ ಹೊರಳಾಡುವುದೇ? ನಮ್ಮ ಪಾತ್ರೆಯಲ್ಲಿ ಏನು ಬೇಯಿಸಿದರೋ! ಕಪಾಟುಗಳ ಗತಿಯೇನು?

ಕೊನೆಯ ಪ್ರಶ್ನೆ ಕೇಳಿದವನು ಮಧುಕರ. ಅದನ್ನು ಓದಿ ಗುಂಪಿನ ಮಂದಿಯೆಲ್ಲ ಗಾಬರಿಯಾದರು. ಅವನಿಗೆ ಬೇಕಾದದ್ದೂ ಅದೇ. ತಾನೊಬ್ಬನೇ ಕಳ್ಳ ಕಳ್ಳ ಅಂದರೆ ಜನ ಅನುಮಾನಿಸುತ್ತಾರೆ, ಎಲ್ಲರೂ ಮೊದಲೇ ಹೆದರಿದ್ದರೆ ಕಳ್ಳತನ ಆಗಲೇಬೇಕಾದದ್ದು ಅನ್ನಿಸುತ್ತದೆ. ಕಂಪನಿಗೆ ಹದಿನೇಳು ಪ್ರಶ್ನೆ ಬರೆದ. ಚಾದರ ಎಷ್ಟು ಸಲ ಬದಲಿಸಿದಿರಿ, ಕಾಟೇಜಿನ ಕೀಲಿ ಯಾರ ಕೈಯಲ್ಲಿತ್ತು, ಅತಿಥಿಗಳ ಗುರುತಿನ ಚೀಟಿ ನೋಡಿದಿರಾ, ಹದಿನಾಲ್ಕರಲ್ಲಿ ಯಾರಿದ್ದರು. ವಕೀಲನಿಗೂ ಹೊಳೆಯದಂಥ ಪ್ರಶ್ನೆಗಳು. ರಿಸಾರ್ಟಿನ ಮ್ಯಾನೇಜರ್ ಓಂಕಾರ್ ವಿನಯದಿಂದ ಉತ್ತರ ಕೊಟ್ಟ: ಹದಿನಾಲ್ಕರಲ್ಲಿ ಒಂದೇ ಕುಟುಂಬ, ಎರಡೇ ರಾತ್ರಿ. ಅತಿಥಿಗಳ ಹೆಸರು ಮೇಲ್‌ನಲ್ಲಿ ಕೊಡಲು ನಿಯಮವಿಲ್ಲ, ಆದರೆ ನಿಮಗೆ ಬೇಸರವಾಗದಂಥವರನ್ನೇ ಇರಿಸಿದ್ದೇನೆ ಸರ್.

ಬೆಣ್ಣೆ ಮಾತು, ಅಂದುಕೊಂಡ ಮಧುಕರ. ಹೆಸರು ಕೊಡದಿದ್ದರೆ ಇನ್ನೂ ಒಳ್ಳೆಯದೇ. ಎರಡು ರಾತ್ರಿ ಇದ್ದು ಯಾವುದೋ ಊರಿಗೆ ಹೋದ ಕುಟುಂಬವನ್ನು ಪೊಲೀಸರು ಹುಡುಕಿಕೊಂಡು ಹೋಗುತ್ತಾರೆಯೇ? ಕಂಪನಿ ಮರ್ಯಾದೆಗೆ ಅಂಜಿ ಏನಾದರೂ ಕೊಟ್ಟು ಬಾಯಿ ಮುಚ್ಚಿಸುತ್ತದೆ. ಅದನ್ನು ಬೇಕಾದರೆ ಸುಲಭಾಗೇ ಕೊಡೋಣ, ಪಾಪ. ಯಾರಿಗೂ ನಷ್ಟವಿಲ್ಲ. ಯೋಚಿಸಿದಷ್ಟೂ ಅದು ಕಳ್ಳತನವೇ ಅಲ್ಲ ಅನ್ನಿಸತೊಡಗಿತು.

ಮೇ ಎರಡನೇ ತಾರೀಖು ಹೆಂಡತಿಯೊಡನೆ 'ತರಂಗ'ಕ್ಕೆ ಹೋದ. ಮಧ್ಯಾಹ್ನ ಅವಳು ನೀರಿನ ಹತ್ತಿರ ಹೋದಾಗ ಸ್ಕ್ರೂಡ್ರೈವರಿನಿಂದ ತನ್ನ ಕಪಾಟಿನ ಕೊಂಡಿ ಮೀಟಿದ. ಪಕ್ಕದ ಎರಡು ಕಪಾಟಿನ ಕೊಂಡಿಗಳನ್ನೂ ಕೆರೆದ. ಕಳ್ಳನಿಗೆ ಇವನ ಕಪಾಟೇ ಯಾಕೆ ಬೇಕಿತ್ತು ಅಂತ ಯಾರೂ ಕೇಳಬಾರದಲ್ಲ. ತನ್ನ ಬೆರಳಚ್ಚು ಒರೆಸಲಿಲ್ಲ. ತನ್ನ ಕಪಾಟಿನ ಮೇಲೆ ತನ್ನ ಬೆರಳಚ್ಚು ಇರದಿದ್ದರೇ ತಪ್ಪು. ಎಂಥಾ ತಲೆ ನಂದು, ಅಂತ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಯಿತು.

ಡಬ್ಬಿಯ ಮುಚ್ಚಳ ತೆಗೆದಾಗ ಮಾತ್ರ ಒಂದು ಗಳಿಗೆ ಕೈ ನಿಂತಿತು. ತಳದಲ್ಲಿ ಒಂದು ಹಿಡಿ ಅಕ್ಕಿ, ಅದರ ನಡುವೆ ಅರಿಷಿಣದ ಕೊಂಬು, ಒಂದು ಅಡಿಕೆ, ಒಂದು ರೂಪಾಯಿ. ಫೆಬ್ರುವರಿಯ ಕತ್ತಲಲ್ಲಿ ಗಂಟು ಎಳೆದುಕೊಂಡದ್ದಷ್ಟೇ, ತಳ ನೋಡಿರಲಿಲ್ಲ. ಡಬ್ಬಿ ಬರಿದು ಇಡಬಾರದೋ ಅನ್ನುತ್ತಿದ್ದಳು ಅವ್ವ. ಹಿಟ್ಟಿನ ಡಬ್ಬಿಯಾದರೂ ಸೈ, ಬಂಗಾರದ್ದಾದರೂ ಸೈ. ಆಮೇಲೆ ತಲೆ ಓಡಿತು. ಇದಕ್ಕಿಂತ ಸಾಕ್ಷಿ ಬೇಕೇ? ಕಳ್ಳ ಬಂಗಾರ ಒಯ್ದ, ತಾಯಿಯ ಅಕ್ಕಿ ಬಿಟ್ಟ! ಠಾಣೆಗೆ ಕೊಟ್ಟ ದೂರಿನಲ್ಲಿ ತಾನೇ ಬರೆದ: ನನ್ನ ತಾಯಿ ೨೦೨೨ರಲ್ಲಿ ಸ್ವಂತ ಕೈಯಿಂದ ಹಾಕಿದ ಅಕ್ಕಿ, ಅರಿಷಿಣ, ನಾಣ್ಯ ಹಾಗೇ ಇವೆ, ಫೆಬ್ರುವರಿಯಲ್ಲಿ ಇವುಗಳ ಮೇಲೆಯೇ ಬಂಗಾರ ಇದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಪೊಲೀಸರು ಡಬ್ಬಿಯನ್ನು ಇದ್ದ ಹಾಗೆಯೇ ಸೀಲು ಮಾಡಿ ಒಯ್ದರು.

ಸುಲಭಾಗೆ ಫೋನು ಮಾಡಿ ಅತ್ತ. ನಿಜವಾಗಿಯೂ ಕಣ್ಣೀರು ಬಂತು, ಅವನಿಗೇ ಆಶ್ಚರ್ಯ.

"ಅಣ್ಣಾ, ಒಂದ್ಸಲ ಮನ್ಯಾಗ ಹುಡುಕಿ ನೋಡು," ಅಂದಳು ಸುಲಭಾ. "ನೀನ ತಂದಿಟ್ಟು ಮರತಿರಬೇಕು. ಸಿಕ್ಕರ ಸಿಕ್ತು ಅನ್ನು, ನಾ ಮತ್ತೊಂದು ಮಾತು ಕೇಳಂಗಿಲ್ಲ."

"ನನ್ನ ಮ್ಯಾಲೇ ಸಂಶೇ ಏನ ನಿನಗ? ಹನ್ನೊಂದು ವರ್ಷ ಅವ್ವನ್ನ ನೋಡಿಕೊಂಡಾಂವ ನಾನು!"

"ಅದಕ್ಕ ಹೇಳಾಕತ್ತೀನಿ, ಅಣ್ಣಾ."

ಮಧುಕರ ಫೋನು ಇಟ್ಟ. ಎಂಥಾ ತಂಗಿ! ಅತ್ತವನ ಮೇಲೇ ಗುಮಾನಿ.

ಹತ್ತು ದಿನ ಬಿಟ್ಟು ಠಾಣೆಯಿಂದ ಕರೆ ಬಂತು: ಹದಿನಾಲ್ಕರ ಅತಿಥಿಗಳು ಸಿಕ್ಕಿದ್ದಾರೆ. ಸಿಕ್ಕರೆ ಏನಂತೆ, ತೆಗೆದಿಲ್ಲ ಅನ್ನುತ್ತಾರೆ, ಎಲ್ಲ ಕಳ್ಳರೂ ಹಾಗೇ ಅನ್ನುವುದು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಮಹಿಳಾ ಇನ್‌ಸ್ಪೆಕ್ಟರ್ ಮುಂದೆ ಓಂಕಾರ್ ಕೂತಿದ್ದ. ಅವನ ಪಕ್ಕದಲ್ಲಿ ಸುಲಭಾ. ನನ್ನ ಬೆನ್ನಿಗೆ ಬಂದಿದ್ದಾಳೆ ಅಂತ ಮಧುಕರನಿಗೆ ಒಂದು ಗಳಿಗೆ ಅಕ್ಕರೆ ಉಕ್ಕಿತು.

"ಇವರೇ ಅತಿಥಿಗಳು ಸರ್," ಅಂದ ಓಂಕಾರ್ ಮರಾಠಿಯಲ್ಲಿ, ತಪ್ಪು ಮಾಡಿದವನಂತೆ. "ಕೊಂಢವಾದ ಹೋಟೆಲು ನಮ್ಮ ಕಂಪನಿಯದೇ. ಬುಕಿಂಗ್ ನಿಮ್ಮ ನಂಬರಿನಿಂದ ಆಗಿತ್ತು. ಹೊರಗಿನವರು ಇರುವುದಕ್ಕೆ ಎಲ್ಲರೂ ಜಗಳಕ್ಕೆ ಬರುತ್ತಾರೆ, ಮಾಲೀಕರ ಮನೆಯವರನ್ನು ಮಾಲೀಕರ ಕಾಟೇಜಿಗೇ ಹಾಕಿದರೆ ಖುಷಿಯಾಗುತ್ತಾರೆ ಅಂದುಕೊಂಡೆ."

ಹದಿನೇಳು ಪ್ರಶ್ನೆಯಲ್ಲಿ ಅದೊಂದನ್ನು, ಯಾವ ಹೋಟೆಲು ಅಂತ, ಅವನು ಕೇಳಿರಲಿಲ್ಲ. ಸುಲಭಾ ಮಡಿಲಿನಿಂದ ಅವ್ವನ ಸಂಚಿ ತೆಗೆದು, ಸುಣ್ಣದ ಖಾನೆಯಿಂದ ಒಂದು ಕೀಲಿ ಎತ್ತಿ ಮೇಜಿನ ಮೇಲಿಟ್ಟಳು. ಕಪಾಟಿನ ಜೋಡಿ ಕೀಲಿ. ಆ ಕ್ಷಣದಲ್ಲೂ ಮಧುಕರನ ತಲೆ ಓಡಿತು, ಮೊದಲಿಗಿಂತ ಚುರುಕಾಗಿ. ಕೀಲಿ ಅವಳ ಹತ್ತಿರ, ಎರಡು ರಾತ್ರಿ ಇದ್ದವಳು ಅವಳು. "ಹಂಗಾರ ನೀನ ತಗೊಂಡೀಯೇನು?" ಅಂತ ಕೂಗಿದ. "ಮೇಡಂ, ಇವಳೇ ಕಳ್ಳಿ!"

ಸುಲಭಾ ಅವನ ಕಡೆ ನೋಡಲಿಲ್ಲ. "ನಾ ತೆಗದಾಗ ಡಬ್ಬಿ ಬರಿದಿತ್ರಿ," ಅಂದಳು ಇನ್‌ಸ್ಪೆಕ್ಟರಿಗೆ. "ಮರುದಿನ ಗೃಹಪ್ರವೇಶದಾಗ ನನಗ ಉಡಿ ತುಂಬಿದ್ರು. ಅವ್ವನ ಡಬ್ಬಿ ಬರಿದು ಇಡಬಾರದು ಅಂತ ಆ ಉಡಿ ಅಕ್ಕಿ, ಅರಿಷಿಣ, ಅಡಿಕಿ, ರೂಪಾಯಿ ಒಂದು ಹಿಡಿ ಹಾಕಿ ಬಂದೆ." ಇನ್‌ಸ್ಪೆಕ್ಟರ್ ಮಧುಕರನ ದೂರಿನ ಹಾಳೆಯನ್ನು ಅವನ ಮುಂದೆ ಸರಿಸಿ, ಅಕ್ಕಿಯ ಸಾಲಿನ ಕೆಳಗೆ ಬೆರಳಿಟ್ಟು, ಸಹಿ ನಿಮ್ಮದೇ ತಾನೆ ಅಂತ ಕೇಳಿದಳು. ಹೌದು ಅಂದ. ಸೀಲು ಒಡೆದು ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ನಾಲ್ಕು ವರ್ಷದ ಅಕ್ಕಿಯಲ್ಲಿ ಒಂದು ನುಸಿಯೂ ಇರಲಿಲ್ಲ. ಅವಳು ಒಂದು ರೂಪಾಯಿಯನ್ನು ಆರಿಸಿ ಅವನ ಅಂಗೈಗೆ ಹಾಕಿ, ಇಸವಿ ಓದಿ ಅಂದಳು. ಮಧುಕರ ಚಷ್ಮಾ ಏರಿಸಿ ಓದಿದ. ೨೦೨೫ ಅಂತ ಇತ್ತು.