ಮಾವ ‘ಇಳಿಸಿ’ ಎನ್ನುವವರೆಗೆ

“ಇವತ್ತು ಆ ಗ್ರಿಲ್ ಹತ್ತಿರ ನಿನ್ನ ನೆರಳೂ ಬೀಳಕೂಡದು, ತಿಳೀತಾ?”

ಸೊಸೆಯ ಹೆಜ್ಜೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿತು. ಕೈಯಲ್ಲಿದ್ದ ಪಾತ್ರೆಯಲ್ಲಿ ಬೆಳಗಿನಿಂದ ನಿಂಬೆರಸ, ಮೆಣಸಿನಪುಡಿ, ಜೇನಿನಲ್ಲಿ ನೆನೆದ ಕೋಳಿಯ ತುಂಡುಗಳಿದ್ದವು. ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಅತ್ತೆ ಅದನ್ನು ಕಿತ್ತುಕೊಳ್ಳುವಂತೆಯೇ ತೆಗೆದುಕೊಂಡರು.

“ಯಾಕತ್ತೆ? ಮಾವನಿಗೆ ಕೈಗೊಬ್ಬರು ಬೇಕಲ್ವಾ?”

“ನೀನು ಈ ಮನೆಗೆ ಬರೋದಕ್ಕೆ ಮುಂಚೇನೂ ಅವರಿಗೆ ಎರಡು ಕೈ ಇದ್ವು, ಈಗಲೂ ಇವೆ. ಪ್ರತಿ ಭಾನುವಾರ ಅವರ ಮೊಣಕೈಗೆ ಅಂಟ್ಕೊಂಡು ನಿಂತು...” ಅತ್ತೆ ಕತ್ತು ವಾಲಿಸಿ, ದನಿ ಸಣ್ಣಗೆ ಮಾಡಿ ಸೊಸೆಯನ್ನೇ ಅಣಕಿಸಿದರು. “‘ಮಾವ, ನೀರು ಕೊಡ್ಲಾ? ಮಾವ, ನೀರು ಕೊಡ್ಲಾ?’ ಏನು, ಮನುಷ್ಯರನ್ನ ನೋಡ್ಕೊಳ್ತಿದ್ದೀಯೋ, ಒಂಟೆ ಸಾಕ್ತಿದ್ದೀಯೋ? ಬೀಗರಾಗೋರು ಬರ್ತಿದ್ದಾರೆ. ನನ್ನ ಮಗಳು ಬಾಳಬೇಕಾದ ಮನೆಯವರು. ಸೊಸೆ ಪಕ್ಕದಲ್ಲಿ ಇಲ್ದಿದ್ರೆ ಈ ಮನೆ ಯಜಮಾನ ಒಂದು ತುಂಡು ಮಗುಚಲ್ಲ ಅಂತ ಅವರು ಆಡ್ಕೊಳ್ಳೋದು ಬೇಡ. ನೀನು ಒಳಗೇ ಇರು.”

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಹೇಳಬೇಕಾದದ್ದು ಒಂದೇ ಮಾತು. ಆದರೆ ಆ ಮಾತು ಅವಳದ್ದಲ್ಲ, ಮಾವನದ್ದು... ಅವರೇ ಆಡದ ಮಾತನ್ನು ತಾನು ಹೇಗೆ ಆಡಲಿ? ಒಳಗೆ ಸರಿದಳು.

ಚಳಿ ಸರಿದು ಹಿತ್ತಿಲ ಕಲ್ಲುಹಾಸು ಬಿಸಿಯೇರತೊಡಗಿದರೆ ಸಾಕು, ಆ ಮನೆಯಲ್ಲಿ ಭಾನುವಾರ ಸಂಜೆ ಒಳಗಿನ ಒಲೆಗೆ ರಜೆ. ಕಬ್ಬಿಣದ ಪೀಪಾಯಿಯನ್ನು ಉದ್ದಕ್ಕೆ ಸೀಳಿಸಿ, ನಾಲ್ಕು ಕಾಲು ಬೆಸುಗೆ ಹಾಕಿಸಿ ಮಾಡಿದ ಗ್ರಿಲ್ ಮೂಲೆಯಿಂದ ಹೊರಗೆ ಬರುತ್ತಿತ್ತು. ಅದರ ಹೊಟ್ಟೆಗೆ ಇದ್ದಿಲು, ಮೇಲೊಂದು ಸರಳಿನ ಜಾಲರಿ, ಜಾಲರಿಯ ಮೇಲೆ ಬೇಸಿಗೆ ಕೊಟ್ಟದ್ದೆಲ್ಲ. ಮೊದಮೊದಲು ಎಳೆ ಈರುಳ್ಳಿ, ಆಮೇಲೆ ಜೋಳದ ತೆನೆ, ಬದನೆಕಾಯಿ, ಮೀನು, ಕೋಳಿ. ಸಂಜೆಯ ಗಾಳಿ ಮತ್ತೆ ತಣ್ಣಗಾಗುವ ತನಕ ಇದೇ ವಾಡಿಕೆ. ಮಾವ ಆಯಸ್ಸೆಲ್ಲ ಬೇಕರಿಯ ಭಟ್ಟಿಯ ಮುಂದೆ ದುಡಿದವರು. ಬ್ರೆಡ್ಡು ಬೆಂದಿತೇ ಎಂದು ಭಟ್ಟಿಯ ಬಾಗಿಲು ತೆರೆದು ಇಣುಕಿದವರಲ್ಲ, ಮೂಗಿನಲ್ಲೇ ತಿಳಿಯುತ್ತಿದ್ದರು. ಮಾತೂ ಕಡಿಮೆ. ಜೊತೆಗಾರರು ಇಟ್ಟ ಅಡ್ಡಹೆಸರು ‘ಮೂಗಪ್ಪ’. ಅದು ಅವರ ಬಾಯಿಗೂ ಒಪ್ಪುತ್ತಿತ್ತು, ಮೂಗಿಗೂ ಒಪ್ಪುತ್ತಿತ್ತು. ಕೆಲಸ ಬಿಟ್ಟ ಮೇಲೆ ಭಟ್ಟಿ ಹೋಯಿತು, ಗ್ರಿಲ್ ಉಳಿಯಿತು. ಪರದೆಯ ಬಣ್ಣದಿಂದ ಹಿಡಿದು ಮಗನ ತಲೆಗೂದಲ ಉದ್ದದವರೆಗೆ ಆ ಮನೆಯಲ್ಲಿ ಎಲ್ಲವೂ ಅತ್ತೆಯ ತೀರ್ಮಾನ. ಭಾನುವಾರದ ಸಂಜೆಯೊಂದು ಮಾತ್ರ ಮಾವನದು. ಅವರು ಕಣ್ಣು ಮುಚ್ಚಿ, ಹೊಗೆಯ ಕಡೆ ಮುಖವೆತ್ತಿ, ತುಸು ಹೊತ್ತು ಸುಮ್ಮನಿದ್ದು ‘ಇಳಿಸಿ’ ಎನ್ನುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ‘ಅಪ್ಪಾ, ಸೀದು ಹೋಯ್ತು’ ಎಂದು ಕೂಗಿದ್ದಳಂತೆ. ಇಳಿಸಿ ಬಿಡಿಸಿದರೆ ಒಳಗೆ ಬೆಣ್ಣೆಯಂತೆ ಬೆಂದಿತ್ತಂತೆ. ಅಂದಿನಿಂದ ಆ ಮೂಗಿನ ಮುಂದೆ ಮನೆಯವರೆಲ್ಲರ ಮೂಗೂ ನಿವೃತ್ತಿಯಾಗಿತ್ತು.

ಹೋದ ಚಳಿಗಾಲದಲ್ಲಿ ಮಾವ ಜ್ವರ ಹಿಡಿದು ಮಲಗಿದರು. ಜ್ವರ ಬಿಟ್ಟುಹೋಯಿತು, ಹೋಗುವಾಗ ಏನನ್ನು ಕಟ್ಟಿಕೊಂಡು ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಸೊಸೆಗೆ ತಿಳಿದದ್ದು ಹಾಲಿನಿಂದ. ಒಂದು ಬೆಳಿಗ್ಗೆ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕರಕಲಾಗಿ ಮನೆಯೆಲ್ಲ ಗಬ್ಬೆದ್ದಿತ್ತು. ಅಲ್ಲೇ ಎರಡು ಮಾರು ದೂರದಲ್ಲಿ, ಒಲೆಗೆ ಬೆನ್ನು ಮಾಡಿ ಮಾವ ನೆಮ್ಮದಿಯಿಂದ ಪೇಪರ್ ಓದುತ್ತಿದ್ದರು. ಅವಳು ಓಡಿಬಂದು ಒಲೆ ಆರಿಸಿದಾಗ ತಲೆಯೆತ್ತಿದರು. ಮೊದಲು ಪಾತ್ರೆಯನ್ನು ನೋಡಿದರು, ಆಮೇಲೆ ಅವಳನ್ನು. ಆ ನೋಟದಲ್ಲಿದ್ದ ಭಯ... ಕಳ್ಳತನದಲ್ಲಿ ಸಿಕ್ಕಿಬಿದ್ದವರದ್ದಲ್ಲ, ಕಳ್ಳರಿಂದ ಮನೆಯನ್ನೇ ದೋಚಿಸಿಕೊಂಡವರದ್ದು. ಅವಳು ಪಾತ್ರೆ ಉಜ್ಜಿಟ್ಟಳು. ಯಾರಿಗೂ ಹೇಳಲಿಲ್ಲ. ಬೇಸಿಗೆಯ ಮೊದಲ ಭಾನುವಾರ ಮಾವ ಎಂದಿನಂತೆ ಕಣ್ಣು ಮುಚ್ಚಿ ಮುಖವೆತ್ತಿದಾಗ, ಅವರ ಗಂಟಲು ಒಣಗಿದ್ದು ಅವಳೊಬ್ಬಳಿಗೇ ಕಂಡಿತು. ಪಕ್ಕದಲ್ಲಿ ನಿಂತು ಹೊಗೆಯನ್ನು ತಾನೇ ಮೂಸಿ, ಹದ ಬಂದ ಹೊತ್ತಿಗೆ ಮೆಲ್ಲಗೆ ಕೇಳಿದಳು: “ಮಾವ, ನೀರು ಕೊಡ್ಲಾ?” ಮಾವ ಕಣ್ಣು ತೆರೆದರು. “ಇಳಿಸಿ,” ಎಂದರು. ಇಬ್ಬರ ನಡುವಿನ ಒಪ್ಪಂದ ಅಷ್ಟೇ. ಅದರ ಬಗ್ಗೆ ಇಬ್ಬರೂ ಎಂದೂ ಒಂದು ಮಾತೂ ಆಡಿದ್ದಿಲ್ಲ.

ಸಂಜೆ ಹುಡುಗ, ಅವನ ತಾಯಿ ಬಂದರು. ತಾಯಿ ಆಸ್ಪತ್ರೆಯಲ್ಲಿ ನರ್ಸ್. ನಕ್ಕರೂ ನಾಡಿ ಹಿಡಿದು ನೋಡಿದಂತೆಯೇ ಇರುತ್ತಿತ್ತು. ಹಿತ್ತಿಲಲ್ಲಿ ಕುರ್ಚಿ ಹಾಕಿದ್ದರು. ಸೊಸೆಯ ಗಂಡ, ಆ ಮನೆಯ ಮಗ, ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವನು, ಗಿರಾಕಿಗಳೆಲ್ಲರ ದನಿಯನ್ನೂ ಗಂಟಲಲ್ಲಿ ಇಟ್ಟುಕೊಂಡವನು. ಬಂದವರನ್ನು ನಗಿಸಲು ಅವನಿಗೆ ಇದ್ದಿಲು ಕೆಂಡವಾಗುವಷ್ಟು ಹೊತ್ತೂ ಬೇಕಾಗಲಿಲ್ಲ.

“ನಮ್ಮಪ್ಪ ವಾಸನೆ ನೋಡೋದನ್ನ ನೀವು ನೋಡಬೇಕು,” ಎಂದು ಎದ್ದುನಿಂತ. ಕಣ್ಣು ಮುಚ್ಚಿ, ಗದ್ದ ಎತ್ತಿ, ಮೂಗಿನ ಹೊಳ್ಳೆ ಅರಳಿಸಿ, ಅಪ್ಪನದೇ ಗೊಗ್ಗರು ದನಿಯಲ್ಲಿ, “ಇರಿ... ಇನ್ನೊಂಚೂರು... ಎಲುಬು ಇನ್ನೂ ಯೋಚನೆ ಮಾಡ್ತಿದೆ...” ಎಂದ.

ಎಲ್ಲರೂ ನಕ್ಕರು. ಮಾವನೂ ನಗುವಂತೆ ಮಾಡಿದರು. ನಕಲಿಯ ಮೂಗಿಗೆ ಹೊಗೆಯ ಘಾಟು ತಾಗುತ್ತಿತ್ತು, ಅಸಲಿಯ ಮೂಗಿಗೆ ಇಲ್ಲ... ಆದರೆ ಅದು ಅಲ್ಲಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಸೊಸೆಗೆ ಗಾಳಿ ಬೀಸಿದ್ದೇ ತಿಳಿಯಿತು. ಇದ್ದಿಲು ಇನ್ನೂ ಬೂದಿ ಹೊದೆಯುವ ಮೊದಲೇ ಮಾವ ಕೋಳಿ ಇಟ್ಟುಬಿಟ್ಟಿದ್ದಾರೆ. ಕೊಬ್ಬು ತೊಟ್ಟಿಕ್ಕಿ ಉರಿ ಏಳುತ್ತಿದೆ. ಮೊದಲು ಜೇನಿನ ಸಿಹಿ ಘಮ, ಬೆನ್ನಿಗೇ ಕಹಿ. ಕಿಟಕಿಗೆ ಓಡಿದಳು. ಹಿತ್ತಿಲಲ್ಲಿ ಕುಳಿತಿದ್ದ ಒಬ್ಬೊಬ್ಬರ ಮೂಗೂ ಸಿಂಡರಿಸಿತ್ತು. ಮಗಳು ಅಣ್ಣನ ಮುಖ ನೋಡಿದಳು, ಅಣ್ಣ ಅಮ್ಮನ ಮುಖ ನೋಡಿದ, ಅಮ್ಮ ಗಂಡನನ್ನು ನೋಡಿ ಬಂದವರ ಕಡೆಗೆ ಹೆಮ್ಮೆಯ ಮುಗುಳ್ನಗೆ ಬೀರಿದರು. ಸೀಯುತ್ತಿರುವುದು ಎಲ್ಲರಿಗೂ ಗೊತ್ತು. ಆದರೆ ಆ ಮೂಗಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮಾವ ಹೊಗೆಯ ನಡುವೆ ಕಣ್ಣು ಮುಚ್ಚಿ ನಿಂತಿದ್ದರು. ಹಣೆಯಲ್ಲಿ ಬೆವರು. ಏನನ್ನೋ ಕೇಳಿಸಿಕೊಳ್ಳಲು ಕಾಯುತ್ತಿರುವಂತೆ ಕತ್ತು ಅಡುಗೆಮನೆಯ ಕಡೆ ತುಸು ತಿರುಗಿತ್ತು.

“ಮಾವ... ನೀರು ಕೊಡ್ಲಾ?” ಸೊಸೆ ಕಿಟಕಿಯಿಂದಲೇ ಕೂಗಿದಳು. ಆ ಹೊತ್ತಿಗೇ ಮಗ ಇನ್ನೇನೋ ಅಣಕಿಸಿದ, ನಗು ಎದ್ದಿತು, ಅವಳ ದನಿ ಅದರಲ್ಲಿ ಮುಳುಗಿತು. ಅತ್ತೆ ಮಾತ್ರ ಕೇಳಿಸಿಕೊಂಡರು. ಎದ್ದು ಬಂದು, ಬಂದವರಿಗೆ ಕಾಣದಂತೆ ಹಲ್ಲು ಕಚ್ಚಿ, ಹೊರಗಿನಿಂದ ಕಿಟಕಿಯ ಬಾಗಿಲನ್ನು ದೂಡಿ ಮುಚ್ಚಿದರು.

ಮಾವ ಕೊನೆಗೂ ಕಣ್ಣು ತೆರೆದರು. ಜಾಲರಿಯ ಮೇಲೆ ಕಂಡ ಕಪ್ಪಿಗೆ ಗಾಬರಿಯಾಗಿ ಎಲ್ಲವನ್ನೂ ಬಾಚಿ ಇಳಿಸಿಬಿಟ್ಟರು. ಹುಡುಗನ ತಾಯಿ ಒಂದು ತುಂಡನ್ನು ಮುರಿದರು. ಹೊರಗೆ ಇದ್ದಿಲು; ಒಳಗೆ ಎಲುಬಿನ ಸುತ್ತ ಕೆಂಪಗೆ ನೀರಾಡುತ್ತಿತ್ತು.

“ಇದನ್ನ ಯಾರೂ ತಿನ್ನಬೇಡಿ,” ಎಂದು ಮೆಲ್ಲಗೆ ಹೇಳಿ, ತಮ್ಮ ಮಗನ ತಟ್ಟೆಯನ್ನೂ ತೆಗೆದು ಕೆಳಗಿಟ್ಟರು. “ಹಸಿ ಇದೆ.”

“ಅಯ್ಯೋ, ಅದು ನಮ್ಮ ಸೊಸೆ ನೆನೆಸಿದ್ದು ನೋಡಿ,” ಅತ್ತೆ ತಡವರಿಸಿದರು. “ಜೇನು ಹೆಚ್ಚಾಗಿ ಸುರಿದುಬಿಟ್ಟಿದ್ದಾಳೆ, ಅದಕ್ಕೇ ಮೇಲೆ ಸೀದು ಒಳಗೆ...”

ಬಂದವರು ಬ್ರೆಡ್ಡು, ಸೌತೆಕಾಯಿ ತಿಂದು ಬೇಗನೆ ಹೊರಟರು. “ಯೋಚನೆ ಮಾಡಿ ಫೋನ್ ಮಾಡ್ತೀವಿ,” ಎಂದರು. ಗೇಟು ಮುಚ್ಚಿದ ಸದ್ದಾದ ಮೇಲೆ ಅತ್ತೆ ಒಳಗೆ ಬಂದರು.

“ಸಮಾಧಾನ ಆಯ್ತಾ ಮಹಾರಾಣಿಗೆ? ಹೊರಗೆ ನಿಲ್ಲಬೇಡ ಅಂದಿದ್ದಕ್ಕೆ ಒಳಗಿಂದಲೇ ಕೈ ತೋರಿಸಿಬಿಟ್ಟೆ ಅಲ್ವಾ?”

“ಅತ್ತೆ...”

“ಜೇನು ಯಾರು ಹಾಕಿದ್ದು? ಅಷ್ಟು ಹೇಳು ಸಾಕು.”

ಹಿತ್ತಿಲ ಬಾಗಿಲಲ್ಲಿ ಮಾವ ನಿಂತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೊಸೆ ಒಮ್ಮೆ ಅವರನ್ನು ನೋಡಿ ತಲೆ ತಗ್ಗಿಸಿದಳು.

“ನಾನೇ ಅತ್ತೆ. ಜಾಸ್ತಿ ಬಿತ್ತು. ತಪ್ಪು ನನ್ನದೇ.”

“ನಾಳೆ ಬೆಳಿಗ್ಗೆ ತವರಿಗೆ ಹೊರಡು. ನನ್ನ ಮಗಳ ಮದುವೆ ಒಂದು ದಡ ಸೇರೋವರೆಗೆ ಈ ಕಡೆ ತಲೆ ಹಾಕಬೇಡ.”

“ಅಮ್ಮಾ...” ಎಂದ ಮಗ.

“ನೀನು ಸುಮ್ನಿರು.”

ಊರಿನವರೆಲ್ಲರ ದನಿಯೂ ಅವನ ಗಂಟಲಲ್ಲಿತ್ತು. ಬೇಕಾದ ಹೊತ್ತಿಗೆ ತನ್ನದೊಂದು ಸಿಗಲಿಲ್ಲ. ಸೊಸೆ ಕೋಣೆಗೆ ಹೋಗಿ ಬೀರು ತೆರೆದಳು. ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. ತಾನಿಲ್ಲದ ಮುಂದಿನ ಭಾನುವಾರ ಅವರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ?

“ಜೇನು ಹದವಾಗೇ ಇತ್ತು.”

ಮಾವನ ದನಿ. ನಡುಮನೆಯಿಂದ ಬಂದ ಆ ಮಾತಿಗೆ ಸೊಸೆಯ ಕೈ ನಿಂತಿತು.

“ಅವಳನ್ನ ವಹಿಸ್ಕೊಂಡು ಬರಬೇಡಿ ನೀವು,” ಎಂದರು ಅತ್ತೆ.

“ವಹಿಸ್ಕೊಳ್ತಿಲ್ಲ. ನನಗೆ ವಾಸನೆ ಗೊತ್ತಾಗಲ್ಲ.” ಮಾವ ಗೋಡೆ ಹಿಡಿದುಕೊಂಡರು. “ಜ್ವರ ಬಂದಾಗಿನಿಂದ. ಏನೂ ಗೊತ್ತಾಗಲ್ಲ. ಇವಳು ನೀರು ಬೇಕಾ ಅಂತ ಕೇಳಿದಾಗ ಇಳಿಸಿ ಅಂತಿದ್ದೆ. ಇಷ್ಟು ದಿನ ನೀವು ತಿಂದಿದ್ದು ಅವಳ ಮೂಗಿನ ಅಡುಗೆ. ಇವತ್ತು ಸೀದಿದ್ದು ನನ್ನದು.”

ಅತ್ತೆ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತರು.

“ಹಾಗಾದ್ರೆ... ಬೆಳಿಗ್ಗೆ ನನ್ನ ಕಾಫಿ? ಘಮ್ ಅಂತಿದೆ ಅಂದ್ರಲ್ಲ? ದಿನಾ ಅಂತೀರಲ್ಲ?”

“ಮದುವೆ ಆದಾಗಿನಿಂದ ಘಮ್ ಅಂತಿತ್ತು. ಇವತ್ತೂ ಹಾಗೇ ಇರುತ್ತೆ ಅನ್ನೋ ನಂಬಿಕೆ ಮೇಲೆ ಅಂದೆ.”

ಅತ್ತೆ ತಲೆಯೆತ್ತಿದರು. “ನನಗೆ ಹೇಳೋದು ಬಿಟ್ಟು... ನಿನ್ನೆ ಮೊನ್ನೆ ಬಂದವಳಿಗೆ ಹೇಳಿದ್ರಾ?”

“ಅವಳಿಗೂ ಹೇಳಿಲ್ಲ ಕಣೆ.” ಮಾವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅತ್ತೆ ಜಗಳವಾಡಿ ಹಗುರಾಗುತ್ತಿದ್ದರೇನೋ. “ಅವಳು ನೋಡಿದಳು. ಅಷ್ಟೇ.”

ಆ ಮಾತು ಅತ್ತೆಯ ಎದೆಯಲ್ಲಿ ಕೆಂಡದಂತೆ ಕುಳಿತಿತು. ಮನೆಯ ಮೂಲೆಯ ಜೇಡರ ಬಲೆಯೂ ತಪ್ಪದ ತನ್ನ ಕಣ್ಣಿಗೆ ಪಕ್ಕದಲ್ಲಿ ಮಲಗುವ ಮನುಷ್ಯ ಕಾಣಲಿಲ್ಲವೇ... ಸೊಸೆಯ ಕೋಣೆಯ ಬಾಗಿಲವರೆಗೆ ನಡೆದರು. ಒಳಗೆ ಬರಲಿಲ್ಲ. ಅರ್ಧ ತುಂಬಿದ ಚೀಲವನ್ನು ನೋಡಿದರು.

“ಆ ನೀಲಿ ಸೀರೆ ಮಡಿಕೆ ಸರಿಯಿಲ್ಲ,” ಎಂದರು. ದನಿ ಒಡೆದಿತ್ತು. “ತೆಗೆದು ಬೀರುವಿನಲ್ಲಿಡು.”

ಅದಕ್ಕಿಂತ ಹೆಚ್ಚಿನ ಕ್ಷಮೆಯನ್ನು ಅವರು ಯಾರಿಂದಲೂ ಕಲಿತಿರಲಿಲ್ಲ.

ಹುಡುಗನ ಮನೆಯಿಂದ ಫೋನು ಬರಲಿಲ್ಲ. ಹುಡುಗನೊಬ್ಬನೇ ಎರಡು ಸಲ ಬಂದು ಗೇಟಿನ ಹತ್ತಿರ ನಿಂತು ಮಗಳೊಂದಿಗೆ ಮಾತಾಡಿ ಹೋದ. ಅದರ ಹದ ಇನ್ನೂ ಯಾರಿಗೂ ತಿಳಿಯದು. ಮುಂದಿನ ಭಾನುವಾರ ಮಾವ ಮಧ್ಯಾಹ್ನದಿಂದಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಗ್ರಿಲ್ಲನ್ನು ಹೊರಗೆಳೆಯಿರಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಂಜೆ ಹಿತ್ತಿಲಲ್ಲಿ ದಡಬಡ ಸದ್ದಾಯಿತು. ಸೊಸೆ ಹೋಗಿ ನೋಡಿದರೆ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಪೇಪರು ತುರುಕಿ, ಊದಿ ಊದಿ ಹಿತ್ತಿಲೆಲ್ಲ ಹೊಗೆ ತುಂಬಿಸಿದ್ದರು. ಮುಖಕ್ಕೆಲ್ಲ ಮಸಿ.

“ನಗಬೇಡ,” ಎಂದರು. “ನೀನು ಬಂದು ಜಾಲರಿ ಹತ್ತಿರ ನಿಂತ್ಕೋ. ತಿರುವಿ ಹಾಕೋದೆಲ್ಲ ನಿನ್ನ ಕೆಲಸ.” ಒಳಗೆ ಹೋಗಿ ಗಂಡನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ತಾವೂ ಪಕ್ಕದಲ್ಲಿ ಕುಳಿತರು.

ಮಾವ ಕಣ್ಣು ಮುಚ್ಚಲಿಲ್ಲ. “ನನಗಿಲ್ಲಿ ಏನು ಕೆಲಸ?”

“ಕೂತ್ಕೊಳ್ಳಿ. ನಾನು ಹೇಳ್ತೀನಿ.”

“ಏನು ಹೇಳ್ತೀಯ?”

“ವಾಸನೆ.”

ಸೊಸೆ ಜಾಲರಿಯ ಮೇಲೆ ಈರುಳ್ಳಿ, ಕೋಳಿ ಹರಡಿದಳು, ಕೊಬ್ಬು ಚುರುಗುಟ್ಟಿತು. “ಸರಿ, ಹೇಳು,” ಎಂದರು ಮಾವ.

“ಹೊಗೆ ವಾಸನೆ ಬರ್ತಿದೆ.”

“ಹೊಗೆ ನನಗೂ ಕಾಣುತ್ತೆ. ಸರಿಯಾಗಿ ಹೇಳೆ.”

ಅತ್ತೆ ಕಣ್ಣು ಮುಚ್ಚಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ತಾವಾಗಿ ಮೂಸಿ ನೋಡಿರಲಿಲ್ಲ. “ಈರುಳ್ಳಿ... ಘಾಟು ಹೋಗಿ ಸಿಹಿಗೆ ತಿರುಗ್ತಿದೆ. ನಿಂಬೆ ಸಿಪ್ಪೆ ಸುಟ್ಟ ಹಾಗೆ ಒಂದು... ಅದರ ಕೆಳಗೆ ಇನ್ನೂ ಏನೋ ಹಸಿಹಸಿ. ಇನ್ನೂ ಬೆಂದಿಲ್ಲ ರೀ ಅದು.” ಕಣ್ಣು ತೆರೆದು, ಅಳುಕುತ್ತ, ಜಾಲರಿಯ ಬಳಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. “ನಾನು ಹೇಳಿದ್ದು ಸರಿ ಇದೆಯಾ?”

“ಸರಿ ಇದೆ ಅತ್ತೆ.”

“ತಪ್ಪಿದ್ರೂ ಸರಿ ಅಂತೀಯ ನೀನು.”

ಸೊಸೆ ಒಂದು ತುಂಡನ್ನು ತಿರುವಿ ಹಾಕಿದಳು. “ಅಂತಿದ್ದೆ,” ಎಂದಳು. “ಇನ್ನು ಮೇಲೆ ಅನ್ನಲ್ಲ.”

ಅತ್ತೆ ತಲೆಯಾಡಿಸಿ, ಗಂಡನ ಕೈಮೇಲೆ ಕೈಯಿಟ್ಟು, ಮತ್ತೆ ಕಣ್ಣು ಮುಚ್ಚಿ ಹೊಗೆಯ ಕಡೆ ಮುಖವೆತ್ತಿದರು.